ಸಂಭಾವನೆಯ ವ್ಯಾಕರಣ

ನಮ್ಮ ಮನೆಯಲ್ಲಿ ಸದ್ಯಕ್ಕೆ ಇಬ್ಬರು ಕೆಲಸ ಹುಡುಕುತ್ತಿದ್ದೇವೆ. ನಾನು ಇಂಗ್ಲಿಷಿನಲ್ಲಿ, ಹದಿನೈದರ ಮಗಳು ಸ್ಪ್ಯಾನಿಷಿನಲ್ಲಿ. ನನ್ನ ಕೆಲಸ ಹೋಗಿ ಮೂವತ್ತೊಂದು ದಿನವಾಯಿತು. ಅವಳಿಗೆ ಕೆಲಸದ ಅಗತ್ಯವೇ ಇಲ್ಲ. ಹೈಸ್ಕೂಲಿನ ಸ್ಪ್ಯಾನಿಷ್ ಪುಸ್ತಕದ ಆರನೆಯ ಪಾಠ ‘ಎಲ್ ತ್ರಬಾಹೊ’, ಅಂದರೆ ಉದ್ಯೋಗ. ಪಾಠದ ಕೊನೆಗೆ ಒಂದು ಅಣಕು ಸಂದರ್ಶನ, ಅದಕ್ಕೆ ನೂರು ಅಂಕ. ಈವರೆಗಿನ ಲೆಕ್ಕದಲ್ಲಿ ಅವಳೇ ಮುಂದಿದ್ದಾಳೆ.

ನಾವಿರುವುದು ಕ್ಯಾಲಿಫೋರ್ನಿಯದ ಸ್ಯಾನ್ ಹೊಸೆಯಲ್ಲಿ. ಈ ಕಡೆ ಊರುಗಳ ಹೆಸರೆಲ್ಲ ಸ್ಪ್ಯಾನಿಷ್, ಊರಿನವರ ಮಾತೆಲ್ಲ ಸಾಫ್ಟ್‌ವೇರ್. ಜೋಳದ ಹಿಟ್ಟು, ಎಳೆ ಬದನೆಕಾಯಿ ತರಲು ನಾವು ವಾರಕ್ಕೊಮ್ಮೆ ಹೋಗುವ ಮಿಲ್ಪಿಟಾಸ್ ಎಂಬ ಊರಿನ ಹೆಸರಿಗೆ ಗೋವಿನಜೋಳದ ಚಿಕ್ಕ ಹೊಲಗಳು ಎಂದು ಅರ್ಥವಂತೆ. ರಾಣೆಬೆನ್ನೂರಿನ ಗೋವಿನಜೋಳದ ಹೊಲ ಬಿಟ್ಟು, ಎಂಜಿನಿಯರಿಂಗ್ ಓದಿ, ಸಾಲ ಮಾಡಿ, ಸಮುದ್ರ ದಾಟಿ ನಾನು ಬಂದು ಸೇರಿದ್ದು ಇನ್ನೊಂದು ಗೋವಿನಜೋಳದ ಹೊಲದ ಮಗ್ಗುಲಿಗೇ ಎಂದು ತಿಳಿದದ್ದು ಮಗಳು ಸ್ಪ್ಯಾನಿಷ್ ತೆಗೆದುಕೊಂಡ ಮೇಲೆ.

ತೆಗೆದುಕೊಂಡದ್ದು ಭಾಷೆಯ ಮೇಲಿನ ಪ್ರೀತಿಯಿಂದ ಎಂದು ಯಾರೂ ತಪ್ಪು ತಿಳಿಯಬಾರದು. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯ ಸೇರಬೇಕಾದರೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಅಲ್ಲದ ಒಂದು ಭಾಷೆಯನ್ನು ಕನಿಷ್ಠ 2 ವರ್ಷ ಓದಿರಬೇಕು. 3 ವರ್ಷ ಓದಿದ್ದರೆ ಇನ್ನೂ ಒಳ್ಳೆಯದು. ಒಳ್ಳೆಯದು ಎಂದು ಬರೆದ ಮೇಲೆ ಭಾರತದ ತಂದೆತಾಯಿಗೆ ಅದು ಕಡ್ಡಾಯ. ಹೀಗೆ ಅರ್ಜಿಯೊಂದರಲ್ಲಿ ನಮೂದಿಸುವುದಕ್ಕಾಗಿ ಕಲಿತ ಭಾಷೆಯಲ್ಲಿ ಅರ್ಜಿ ಬರೆಯುವುದನ್ನೇ ಕಲಿಸುತ್ತಿದ್ದಾರೆ. ಇಷ್ಟು ಪ್ರಾಮಾಣಿಕವಾದ ಪಠ್ಯಕ್ರಮವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಸಂದರ್ಶನದ ತಾಲೀಮು ನಮ್ಮ ಊಟದ ಮೇಜಿನ ಮೇಲೆ ನಡೆಯಿತು. ನಾನು ಮೆಕ್ಸಿಕೋದ ಕಾನ್ಕುನ್ ಎಂಬ ಕಡಲತೀರದ ಹೋಟೆಲೊಂದರ ಮಾಲೀಕ, ಅವಳು ಸ್ವಾಗತ ವಿಭಾಗದ ವ್ಯವಸ್ಥಾಪಕ ಹುದ್ದೆಗೆ ಬಂದ ಅಭ್ಯರ್ಥಿ. ಮೇಜಿನ ಮೇಲೆ ಸೆನ್ಯೋರಾ, ಅಂದರೆ ಅವರ ಟೀಚರ್, ಕೊಟ್ಟ ಅಂಕದ ಹಾಳೆ. ಕೈಕುಲುಕುವುದಕ್ಕೆ ಹತ್ತು, ಕಣ್ಣಿಗೆ ಕಣ್ಣಿಟ್ಟು ನೋಡುವುದಕ್ಕೆ ಹತ್ತು, ‘ಉಸ್ತೆದ್’ ಬಳಸುವುದಕ್ಕೆ ಇಪ್ಪತ್ತು. ಉಸ್ತೆದ್ ಎಂದರೆ ನಮ್ಮ ಬಹುವಚನದ ‘ನೀವು’ ಇದ್ದಂತೆ. ಹುಟ್ಟಿದಂದಿನಿಂದ ನನ್ನನ್ನು ‘ನೀನು’ ಎಂದೇ ಕರೆಯುತ್ತಿರುವ ಹುಡುಗಿ ಅಂದು ಸೊಪ್ಪಿನ ಪಲ್ಯದ ಪಾತ್ರೆಯನ್ನು ಪಕ್ಕಕ್ಕೆ ಸರಿಸಿ, ಬೆನ್ನು ನೆಟ್ಟಗೆ ಮಾಡಿ, ‘ನಿಮ್ಮನ್ನು ಭೇಟಿಯಾದದ್ದು ಸಂತೋಷ’ ಎಂದಳು. ಹೆಂಡತಿ ಒಲೆಯ ಹತ್ತಿರದಿಂದಲೇ ತಿರುಗಿ ನೋಡಿದಳು. ನನಗೆ ಗಂಟಲು ಕಟ್ಟಿ ಬಂತು. ಇಪ್ಪತ್ತಕ್ಕೆ ಇಪ್ಪತ್ತು ಕೊಟ್ಟೆ.

‘ಐದು ವರ್ಷದ ನಂತರ ನಿಮ್ಮನ್ನು ನೀವು ಎಲ್ಲಿ ಕಾಣುತ್ತೀರಿ?’ ಎಂದು ಹಾಳೆ ನೋಡಿ ಕೇಳಿದೆ. ಇಡೀ ಹೋಟೆಲಿನ ಮುಖ್ಯಸ್ಥಳಾಗಿ ಎಂದಳು. ಐದು ವರ್ಷದ ನಂತರ ಅವಳಿಗೆ ಇಪ್ಪತ್ತು. ಕಾಲೇಜಿನಿಂದ ಒಗೆಯುವ ಬಟ್ಟೆಯ ಚೀಲ ಹೊತ್ತು ಇದೇ ಮನೆಗೆ ಬರುತ್ತಾಳೆ ಎಂಬುದು ನನ್ನ ಅಂದಾಜು, ಆದರೆ ಮಾಲೀಕನಾದವನು ಅಭ್ಯರ್ಥಿಯ ಉತ್ಸಾಹ ಕುಗ್ಗಿಸಬಾರದು. ‘ನಿಮ್ಮ ದೌರ್ಬಲ್ಯ?’ ಎಂದೆ. ಎಲ್ಲವೂ ಅಚ್ಚುಕಟ್ಟಾಗಿ ಇರಲೇಬೇಕು ಎನ್ನುವ ಸ್ವಭಾವ ತನಗೆ ಅತಿಯಾಗಿದೆ ಎಂದು ಒಂದೇ ಉಸಿರಿನಲ್ಲಿ ಹೇಳಿದಳು. ಅವಳ ಕೋಣೆಯ ಬಾಗಿಲು ಪೂರ್ತಿ ತೆರೆಯುವುದಿಲ್ಲ, ಹಿಂದೆ ಬಟ್ಟೆಯ ರಾಶಿ ಅಡ್ಡ ಬರುತ್ತದೆ. ಕೇಳಿದರೆ, ತರಗತಿಯ ಮೂವತ್ತೆರಡು ಮಕ್ಕಳಿಗೂ ಇದೊಂದೇ ದೌರ್ಬಲ್ಯವಂತೆ. ಪುಸ್ತಕದಲ್ಲಿ ಕೊಟ್ಟಿರುವುದು ಅದೊಂದೇ. ನಾನು ನಗಲಿಲ್ಲ. ಆ ದಿನ ಬೆಳಿಗ್ಗೆಯಷ್ಟೇ ಪರದೆಯ ಆಚೆಗಿದ್ದ ಮೂರು ಮುಖಗಳಿಗೆ ನಾನೂ ಅದೇ ದೌರ್ಬಲ್ಯವನ್ನು ಒಪ್ಪಿಸಿದ್ದೆ, ನಲವತ್ತಾರರ ವಯಸ್ಸಿನಲ್ಲಿ.

ಆದರೆ ಸ್ಪ್ಯಾನಿಷ್ ವ್ಯಾಕರಣದ ಮೇಲೆ ನನಗೆ ಗೌರವ ಹುಟ್ಟಿದ್ದು ಮರುದಿನ. ‘ಚೆನ್ನಾಗಿ ಸಂಬಳ ಕೊಡುವ ಕೆಲಸ ನನಗಿದೆ’ ಎನ್ನುವಾಗ ಕೊಡುವ ಎಂಬ ಕ್ರಿಯಾಪದ ‘ಪಾಗಾ’ ಎಂದಿರುತ್ತದೆ. ‘ಚೆನ್ನಾಗಿ ಸಂಬಳ ಕೊಡುವ ಕೆಲಸ ಹುಡುಕುತ್ತಿದ್ದೇನೆ’ ಎಂದ ಕೂಡಲೇ ಅದು ‘ಪಾಗೆ’ ಆಗಿಬಿಡುತ್ತದೆ: ಬುಸ್ಕೊ ಉನ್ ತ್ರಬಾಹೊ ಕೆ ಪಾಗೆ ಬಿಯೆನ್. ಯಾಕೆ ಎಂದೆ. ‘ಯಾಕೆಂದರೆ ಅಂಥ ಕೆಲಸ ಪ್ರಪಂಚದಲ್ಲಿ ಇದೆಯೋ ಇಲ್ಲವೋ ಹೇಳುವವನಿಗೆ ಗೊತ್ತಿಲ್ಲ ಅಪ್ಪ. ಇಲ್ಲದಿರಬಹುದಾದದ್ದಕ್ಕೆ ಕ್ರಿಯಾಪದ ಬದಲಾಗುತ್ತದೆ’ ಎಂದು ತಣ್ಣಗೆ ವಿವರಿಸಿದಳು. ಉದ್ಯೋಗ ಮಾರುಕಟ್ಟೆಯ ಬಗ್ಗೆ ನಾನು ಕೇಳಿದ ವಿಶ್ಲೇಷಣೆಗಳಲ್ಲಿ ಇದೇ ಅತ್ಯಂತ ನಿಖರವಾದದ್ದು. ನಮ್ಮಲ್ಲೂ ಇದಕ್ಕೊಂದು ರೂಪ ಉಂಟು, ಎಂಟನೆಯ ತರಗತಿಯಲ್ಲಿ ಕನ್ನಡ ಮೇಷ್ಟ್ರು ಬೆತ್ತ ಹಿಡಿದು ಬಾಯಿಪಾಠ ಮಾಡಿಸಿದ್ದರು: ಬಂದಾನು, ಕೊಟ್ಟಾರು, ಸಿಕ್ಕೀತು. ಸಂಭಾವನಾರ್ಥಕ. ಸಿಕ್ಕೇಬಿಟ್ಟ ದುಡ್ಡಿಗೂ ಸಿಕ್ಕರೆ ಸಿಕ್ಕೀತು ಎಂಬ ಊಹೆಗೂ ಸಂಭಾವನೆ ಎಂಬ ಒಂದೇ ಮಾತನ್ನು ಇಟ್ಟ ನಮ್ಮ ಹಿರಿಯರು ಯಾವ ಕಂಪನಿಯಲ್ಲಿ ದುಡಿದಿದ್ದರೋ ತಿಳಿಯದು.

ಇನ್ನೊಂದು ಸೂಕ್ಷ್ಮವಿದೆ. ‘ಇರು’ ಎನ್ನಲು ಸ್ಪ್ಯಾನಿಷಿನಲ್ಲಿ ಎರಡು ಕ್ರಿಯಾಪದ. ಸ್ವಭಾವಕ್ಕೆ ಒಂದು, ಸ್ಥಿತಿಗೆ ಒಂದು. ನಾನು ಎಂಜಿನಿಯರ್ ಎನ್ನುವುದಕ್ಕೆ ಮೊದಲನೆಯದು. ನಾನು ನಿರುದ್ಯೋಗಿ ಎನ್ನುವುದಕ್ಕೆ ಎರಡನೆಯದು, ಎಸ್ತೋಯ್ ದೆಸೆಂಪ್ಲೆಯಾದೊ. ಇಂದು ಇದ್ದು ನಾಳೆ ಹೋಗುವ ಸ್ಥಿತಿ ಎಂದು ಒಂದು ದಿನವೆಲ್ಲ ಸಮಾಧಾನಪಟ್ಟುಕೊಂಡೆ. ಸಂಜೆಗೆ ಮಗಳು ಬಂದು, ಸತ್ತಿದ್ದಾನೆ ಎನ್ನಲೂ ಎರಡನೆಯದನ್ನೇ ಬಳಸುತ್ತಾರೆ ಎಂದಳು.

ಈಗ ಅಂಕದ ವಿಷಯ. ಅವಳಿಗೆ ತೊಂಬತ್ತಾರು ಬಂತು. ಪಕ್ಕದಲ್ಲಿ ಕೂರುವ ಹುಡುಗನಿಗೆ ಎಂಬತ್ತೊಂದು. ಆ ಹುಡುಗನ ಮನೆಮಾತೇ ಸ್ಪ್ಯಾನಿಷ್. ಅವನ ತಾಯಿ ಕಚೇರಿಗಳನ್ನು ರಾತ್ರಿ ಪಾಳಿಯಲ್ಲಿ ಗುಡಿಸಿ ಒರೆಸುವವರು. ಅವನು ಕೆಲಸಕ್ಕೆ ‘ಚಾಂಬಾ’ ಎಂದನಂತೆ, ಮೆಕ್ಸಿಕೋದಿಂದ ಬಂದ ಮನೆಗಳಲ್ಲಿ ಎಲ್ಲರೂ ಅನ್ನುವ ಹಾಗೆ. ಉದ್ಯೋಗ ಎನ್ನಬೇಕಾದಲ್ಲಿ ಗೇಮೆ ಎಂದಂತೆ ಆಯಿತು, ಅಂಕ ಹೋಯಿತು. ಅರ್ಜಿ ಹಾಕುವುದಕ್ಕೆ ಪುಸ್ತಕದ ‘ಸೊಲಿಸಿತಾರ್’ ಬಿಟ್ಟು ಇಂಗ್ಲಿಷಿನ ಸೋಂಕು ತಗುಲಿದ ‘ಅಪ್ಲಿಕಾರ್’ ಎಂದ, ಇನ್ನಷ್ಟು ಹೋಯಿತು. ಸ್ಪ್ಯಾನಿಷಿನಲ್ಲಿ ಕೆಲಸ ಮಾಡುವ ಏಕೈಕ ಕುಟುಂಬದ ಹುಡುಗ ಸ್ಪ್ಯಾನಿಷಿನಲ್ಲಿ ಕೆಲಸಕ್ಕೆ ಅನರ್ಹನಾದ. ಕಾನ್ಕುನ್ ಹೋಟೆಲು ನನ್ನ ಮಗಳ ಪಾಲಾಯಿತು.

ಸ್ಪ್ಯಾನಿಷಿನಲ್ಲಿ ನಿಜವಾಗಿ ಕೆಲಸ ಸಿಗುವ ಜಾಗ ನೋಡಬೇಕಾದರೆ ಬೆಳಿಗ್ಗೆ ಆರೂವರೆಗೆ ಏಳಬೇಕು. ಮರಮುಟ್ಟು, ಬಣ್ಣ, ಸಿಮೆಂಟು ಮಾರುವ ದೊಡ್ಡ ಮಳಿಗೆಗಳ ವಾಹನ ನಿಲುಗಡೆಯ ಅಂಚಿನಲ್ಲಿ ‘ಹೋರ್ನಲೇರೋ’ಗಳು, ಅಂದರೆ ದಿನಗೂಲಿಯವರು, ನಿಂತಿರುತ್ತಾರೆ. ಈಗ ನನಗೆ ಬೆಳಿಗ್ಗೆ ಬಿಡುವಿರುವುದರಿಂದ ನೋಡಿದ್ದೇನೆ. ಒಂದು ಪಿಕಪ್ ಟ್ರಕ್ಕು ನಿಧಾನಿಸುತ್ತದೆ, ಕಿಟಕಿ ಅರ್ಧ ಇಳಿಯುತ್ತದೆ, ಒಳಗಿನಿಂದ ಎರಡು ಬೆರಳು ಹೊರಗೆ ಬರುತ್ತವೆ. ಇಬ್ಬರು ಹತ್ತುತ್ತಾರೆ. ಸಂದರ್ಶನ ಮುಗಿಯಿತು. ಐದು ವರ್ಷದ ಮಾತು ಹಾಗಿರಲಿ, ಸಂಜೆ ಐದರ ನಂತರ ಎಲ್ಲಿರುತ್ತೀರಿ ಎಂದೂ ಯಾರೂ ಕೇಳುವುದಿಲ್ಲ. 2025ರ ಬೇಸಿಗೆಯಲ್ಲಿ ಲಾಸ್ ಏಂಜಲೀಸ್‌ನ ಇಂಥ ನಿಲುಗಡೆಗಳಿಗೆ ವಲಸೆ ಇಲಾಖೆಯವರು ಮುಖ ಮುಚ್ಚಿಕೊಂಡು ನುಗ್ಗಿದರು. ಮಗಳ ಪಾಠದಲ್ಲಿ ಸಂದರ್ಶನಕ್ಕೆ ಯಾವ ಬೂಟು ಹಾಕಬೇಕೆಂದು ಚಿತ್ರಸಹಿತ ವಿವರವಿದೆ. ಓಡಲು ಯಾವುದು ಒಳ್ಳೆಯದೆಂದು ಇಲ್ಲ.

ಹಾಗೆಂದು ಅಮೆರಿಕ ಈ ಜನರನ್ನು ಎಂದೂ ಸಂದರ್ಶಿಸಲಿಲ್ಲ ಎನ್ನುವಂತಿಲ್ಲ. 1942ರಿಂದ 1964ರವರೆಗೆ ನಡೆದ ಬ್ರಸೇರೋ ಯೋಜನೆಯಲ್ಲಿ ಮೆಕ್ಸಿಕೋದ ಗಂಡಸರನ್ನು ಹೊಲಗಳಿಗೆ ಕರೆತರಲು ಸುಮಾರು 46 ಲಕ್ಷ ಒಪ್ಪಂದಗಳಾದವು. ಆಯ್ಕೆ ಕೇಂದ್ರದಲ್ಲಿ ಅಧಿಕಾರಿಗಳು ಅಂಗೈ ತಿರುಗಿಸಿ ಜಡ್ಡು ಕಟ್ಟಿದೆಯೇ ಎಂದು ನೋಡುತ್ತಿದ್ದರು. ಜಡ್ಡಿದ್ದರೆ ರೈತ, ಕೆಲಸ ಉಂಟು, ಮೆತ್ತಗಿದ್ದರೆ ಮನೆಗೆ. ಆಮೇಲೆ ಮೈಮೇಲೆ ಡಿಡಿಟಿ ಪುಡಿ. ಕೈಕುಲುಕುವುದಕ್ಕೆ ಹತ್ತು ಅಂಕ ಇಟ್ಟವರಿಗೆ ಈ ಚರಿತ್ರೆ ಗೊತ್ತಿತ್ತೋ ಏನೋ. ನನ್ನ ಅಂಗೈಯನ್ನು ನೋಡಿಕೊಂಡೆ. ಅಪ್ಪನ ಅಂಗೈಗೆ ಅವರು ಎರಡು ಸಲ ಕೆಲಸ ಕೊಡುತ್ತಿದ್ದರು.

ಕಲಿತದ್ದನ್ನು ಒಮ್ಮೆ ಪ್ರಯೋಗಿಸಿಯೂ ನೋಡಿದೆ. ನಮ್ಮ ವಸತಿ ಸಮುಚ್ಚಯಕ್ಕೆ ಗುರುವಾರ ಎಲೆ ಊದುವ ಯಂತ್ರ ಬೆನ್ನಿಗೆ ಹೊತ್ತು ಒಬ್ಬ ಹಿರಿಯರು ಬರುತ್ತಾರೆ. ಯಂತ್ರ ನಿಲ್ಲಿಸಿದಾಗ ಹತ್ತಿರ ಹೋಗಿ, ಉಸ್ತೆದ್ ಸಮೇತ, ‘ನಿಮ್ಮ ಪ್ರಬಲ ಅಂಶಗಳೇನು?’ ಎಂದು ಕೇಳಿದೆ. ‘ಮಾಂದೆ?’ ಎಂದರು, ಮೆಕ್ಸಿಕೋದವರು ಮರ್ಯಾದೆಯಿಂದ ‘ಏನಂದಿರಿ’ ಎನ್ನುವ ಬಗೆ ಅದು. ಮತ್ತೆ ಕೇಳಿದೆ. ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ಕಾರು ಪಕ್ಕಕ್ಕೆ ಸರಿಸಬೇಕೆ ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಭಾನುವಾರದ ಕನ್ನಡ ತರಗತಿಯಲ್ಲಿ ಇಂಥ ಪಾಠ ಇಲ್ಲ. ಅಲ್ಲಿ ಮಕ್ಕಳು ಇನ್ನೂ ತರಕಾರಿ ಕೊಳ್ಳುತ್ತಿದ್ದಾರೆ. ನಮ್ಮಲ್ಲಿ ಸಂದರ್ಶನ ಎಂದರೆ ಪತ್ರಿಕೆಯಲ್ಲಿ ನಟರದ್ದು. ಕೆಲಸಕ್ಕೆ ಇರುವುದು ಇಂಟರ್ವ್ಯೂ, ಅದು ಬೆಂಗಳೂರಿನಲ್ಲೂ ಕನ್ನಡದಲ್ಲಿ ನಡೆಯುವುದು ಅಪರೂಪ. ಕನ್ನಡದಲ್ಲಿ ಪೂರ್ಣ ಪ್ರಮಾಣದ ಉದ್ಯೋಗ ಸಂದರ್ಶನ ನಡೆಯುವುದು ಮದುವೆ ಊಟದ ಪಂಕ್ತಿಯಲ್ಲಿ ಮಾತ್ರ: ಎಲ್ಲಿ ಕೆಲಸ, ಎಷ್ಟು ಬರುತ್ತದೆ, ಕೈಗೆ ಎಷ್ಟು, ಮನೆ ಸ್ವಂತದ್ದೋ. ಅದಕ್ಕೆ ಯಾವ ಶಾಲೆಯ ತರಬೇತಿಯೂ ಸಾಲದು. ಕೆಲಸ ಹೋದದ್ದನ್ನು ಊರಿನಲ್ಲಿರುವ ಅವ್ವನಿಗೆ ಇನ್ನೂ ಹೇಳಿಲ್ಲ. ಮೊನ್ನೆ ಫೋನಿನಲ್ಲಿ ಮೊಮ್ಮಗಳ ಪಾಠದ ಸುದ್ದಿ ಕೇಳಿ, ‘ಕೆಲಸ ಹುಡುಕುವುದನ್ನೂ ಶಾಲೆಯಲ್ಲಿ ಕಲಿಸುತ್ತಾರೆಯೇ? ನಿನಗೆ ಯಾರೂ ಕಲಿಸಲಿಲ್ಲ ನೋಡು’ ಎಂದಳು. ಹೌದು ಎಂದೆ.

ಕಾನೂನು ನಮ್ಮ ಮನೆಯನ್ನು ಹೀಗೆ ಹಂಚಿದೆ. ಮಗಳು ಇಲ್ಲೇ ಹುಟ್ಟಿದವಳು, ಶಾಲೆ ಒಂದು ಪರವಾನಗಿ ಚೀಟಿ ಕೊಟ್ಟರೆ ಶಾಲೆ ಇರುವ ದಿನ 3 ಗಂಟೆ, ರಜಾದಿನ ಸೇರಿ ವಾರಕ್ಕೆ ಒಟ್ಟು 18 ಗಂಟೆಯವರೆಗೆ ದುಡಿಯಬಹುದು. ನಾನು ಎಚ್-1ಬಿ ವೀಸಾದವನು. ಕೆಲಸ ಹೋದ ದಿನದಿಂದ 60 ದಿನದೊಳಗೆ ಇನ್ನೊಬ್ಬ ಧಣಿಯನ್ನು ಹಿಡಿಯಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು.

ಮಾರ್ಚ್ ಮೂರನೆಯ ವಾರ ಮಗಳು ಸಪ್ಪೆ ಮುಖ ಮಾಡಿಕೊಂಡು ಬಂದಳು. ಕ್ಯಾಲಿಫೋರ್ನಿಯದಲ್ಲಿ ಮುಂದಿನ ವರ್ಷ ಬೇಡವಾಗಬಹುದಾದ ಶಿಕ್ಷಕರಿಗೆ ಮಾರ್ಚ್ 15ರೊಳಗೆ ನೋಟಿಸ್ ಕೊಡಬೇಕೆಂಬ ಕಾನೂನಿದೆ. ಸೆನ್ಯೋರಾಗೂ ಬಂದಿದೆಯಂತೆ. ಆ ದಿನವೂ ಅವರು ‘ಸಂದರ್ಶನದ ನಂತರ ಕೃತಜ್ಞತಾ ಪತ್ರ ಬರೆಯುವುದು’ ಎಂಬ ಭಾಗವನ್ನು ಬಿಡದೆ ಮುಗಿಸಿದರಂತೆ. ಪಾಠ ಮಾಡಿದವರಿಗೆ ಕೆಲಸವಿಲ್ಲ, ಪಾಠ ಕೇಳಿಸಿಕೊಂಡ ಅಪ್ಪನಿಗೂ ಇಲ್ಲ. ಮೂವರಲ್ಲಿ ನೇಮಕಾತಿ ಪತ್ರ ಕೈಯಲ್ಲಿರುವುದು ಒಬ್ಬಳಿಗೇ. ಅದನ್ನು ನನ್ನ ಮುಂದಿಟ್ಟಳು: ದಪ್ಪ ಕಾಗದ, ಮೇಲೆ ತಾಳೆಮರದ ಚಿತ್ರ, ಕೆಳಗೆ ಸೆನ್ಯೋರಾರ ಸಹಿ, ಸಂಬಳದ ಜೊತೆಗೆ ಸಮುದ್ರಕ್ಕೆ ಮುಖ ಮಾಡಿದ ಕೋಣೆ.

ಎರಡು ಸಲ ಓದಿದೆ. ‘ಈ ಹೋಟೆಲಿನವರು ಕುಟುಂಬದವರಿಗೂ ವೀಸಾ ಕೊಡಿಸುತ್ತಾರೆಯೇ?’ ಎಂದು ಕೇಳಿದೆ.

ಅವಳು ಅಂಕದ ಹಾಳೆಯನ್ನು ತಿರುಗಿಸಿ, ಹಿಂಬದಿಯನ್ನೂ ನೋಡಿದಳು. ‘ಅದು ಪರೀಕ್ಷೆಗೆ ಇಲ್ಲ ಅಪ್ಪ’ ಎಂದಳು.