ಕೊರಿಯಾದ ಬಿಯರನ್ನು ಸಪ್ಪೆ ಮಾಡಿದವರು ಯಾರು?

ಕೊರಿಯಾದ ಬಿಯರ್ ಎಂದೊಡನೆ ಮೂಗು ಮುರಿಯುವವರು ನನ್ನ ಗೆಳೆಯರ ಬಳಗದಲ್ಲೇ ಬೇಕಾದಷ್ಟು ಮಂದಿ ಇದ್ದಾರೆ. ಕೊರಿಯನ್ ಧಾರಾವಾಹಿಗಳಲ್ಲಿ ಹಸಿರು ಬಾಟಲಿಯ ಸೋಜು ಎಂಬ ಮದ್ಯ ಕಂಡು ಆಸೆಪಟ್ಟವರು ಸಿಯೋಲ್‌ಗೆ ಹೋದಾಗ ಅದರ ಜೊತೆಗೆ ಒಂದು ಕ್ಯಾಸ್ ಬಿಯರನ್ನೂ ತರಿಸುತ್ತಾರೆ. ಮೊದಲ ಗುಟುಕಿಗೇ ‘ಬರೀ ನೀರು’ ಎಂದು ತೀರ್ಪು ಕೊಟ್ಟು ಎದ್ದು ಬರುತ್ತಾರೆ. ಸಪ್ಪೆ ಎಂಬುದಕ್ಕೆ ನನ್ನ ತಕರಾರಿಲ್ಲ. ಆದರೆ ಆ ಮಾತಿನ ಬಾಲದಲ್ಲಿ ಬರುವ ‘ಪಾಪ, ಅವರಿಗೆ ಮಾಡಲು ಬರುವುದಿಲ್ಲ’ ಎಂಬುದನ್ನು ಕೇಳಿದಾಗಲೆಲ್ಲ ನನಗೆ ರೇಗುತ್ತದೆ. ಆ ಸಪ್ಪೆತನದ ಹೊಣೆಯನ್ನು ಹೊರಬೇಕಾದದ್ದು ಅಬಕಾರಿ ಕಾನೂನು ಎಂದು ನಾನು ವಾದಿಸುತ್ತೇನೆ.

ಜೋಸನ್ ಅರಸರ ಕಾಲದ ಕೊರಿಯಾದಲ್ಲಿ ಮದ್ಯವೆಂದರೆ ಮನೆಯಲ್ಲಿ ತಯಾರಾಗುವ ವಸ್ತು. ಗೋಧಿಯನ್ನು ಒರಟಾಗಿ ಒಡೆದು, ನೀರು ಚಿಮುಕಿಸಿ, ಬಿಲ್ಲೆ ತಟ್ಟಿ, ಬೂಷ್ಟು ಹಿಡಿಯುವವರೆಗೆ ಇಟ್ಟರೆ ‘ನುರುಕ್’ ಎಂಬ ಹುದುಗು ಸಿದ್ಧ. ಅದನ್ನು ಹಬೆಯಲ್ಲಿ ಬೇಯಿಸಿದ ಅಕ್ಕಿಗೆ ಬೆರೆಸಿ ಮಡಕೆಯಲ್ಲಿ ಹುದುಗಲು ಬಿಡುತ್ತಿದ್ದರು. ಹಿರಿಯರ ಪೂಜೆಗೆ ಮನೆಯ ಮದ್ಯವೇ ಬೇಕು, ಬಂದ ನೆಂಟರಿಗೂ ಅದೇ. ಒಂದೊಂದು ಮನೆತನಕ್ಕೆ ಒಂದೊಂದು ಹದ. 1909ರಲ್ಲಿ, ದೇಶ ಜಪಾನಿನ ಹಿಡಿತಕ್ಕೆ ಸರಿಯುತ್ತಿದ್ದಾಗ, ಮದ್ಯದ ಮೇಲೆ ತೆರಿಗೆ ಕಾನೂನು ಬಂತು. 1916ರಲ್ಲಿ ಅದು ಬಿಗಿಯಾಯಿತು. 1934ರ ಹೊತ್ತಿಗೆ ಮನೆಯಲ್ಲಿ ಮದ್ಯ ಮಾಡುವುದು ಪೂರ್ತಿ ಅಪರಾಧವಾಗಿತ್ತು. ತೆರಿಗೆ ವಸೂಲಿಗೆ ಲಕ್ಷಾಂತರ ಅಡುಗೆಮನೆಗಳಿಗಿಂತ ಕೆಲವೇ ಕಾರ್ಖಾನೆಗಳು ಅನುಕೂಲ, ಅಷ್ಟೇ ಲೆಕ್ಕ. ಸ್ವಾತಂತ್ರ್ಯ ಬಂದ ಮೇಲೂ ಹೊಸ ಸರ್ಕಾರಗಳು ಈ ನಿಷೇಧವನ್ನು ತೆಗೆಯಲಿಲ್ಲ. ಸ್ವಂತ ಬಳಕೆಗೆ ಮನೆಯಲ್ಲಿ ತಯಾರಿಸಲು ಅನುಮತಿ ಸಿಕ್ಕಿದ್ದು 1995ರಲ್ಲಿ. ಸಾಲದೆಂಬಂತೆ 1960ರ ದಶಕದ ಆಹಾರ ಕೊರತೆಯಲ್ಲಿ ಮದ್ಯಕ್ಕೆ ಅಕ್ಕಿ ಬಳಸುವುದನ್ನೂ ತಡೆದರು, ಮಕ್ಕೊಲ್ಲಿಯಂಥ ಅಕ್ಕಿಯ ಮದ್ಯವನ್ನು ಗೋಧಿ ಹಿಟ್ಟಿನಲ್ಲಿ ಮಾಡಬೇಕಾಯಿತು. ಅಜ್ಜಿ ಮೊಮ್ಮಗಳಿಗೆ ಕಲಿಸಬೇಕಾದ ಕಸುಬನ್ನು ಎರಡು ತಲೆಮಾರು ಕದ್ದು ಮಾಡಬೇಕಾಗಿ ಬಂದರೆ ಆಮೇಲೆ ಎಷ್ಟು ಉಳಿದೀತು?

ಬಿಯರ್ ಬಂದದ್ದು ಹೊರಗಿನಿಂದ. 1871ರಲ್ಲಿ ಅಮೆರಿಕದ ನೌಕಾಪಡೆ ಗಾಂಗ್ವಾ ದ್ವೀಪದ ಮೇಲೆ ದಂಡೆತ್ತಿ ಹೋದಾಗ ಜೊತೆಗಿದ್ದ ಫೆಲಿಚೆ ಬೇಟೊ ಎಂಬ ಛಾಯಾಗ್ರಾಹಕ ಹಡಗಿನ ಮೇಲೆ ತೆಗೆದ ಒಂದು ಚಿತ್ರವಿದೆ. ಬಿಳಿ ಬಟ್ಟೆಯ ಕೊರಿಯನ್ ಗೃಹಸ್ಥನೊಬ್ಬ ಎದೆತುಂಬ ಬಿಯರ್ ಬಾಟಲಿಗಳನ್ನು ತಬ್ಬಿಕೊಂಡು ನಿಂತಿದ್ದಾನೆ. ಇಂಗ್ಲೆಂಡಿನ ಬ್ಯಾಸ್ ಕಂಪನಿಯ ಮಾಲು. ಎಲ್ಲವೂ ಖಾಲಿ! ಕುಡಿದವರು ಯಾರೋ, ಫೋಟೋಗೆ ನಿಂತವನು ಯಾರೋ.

ಕಾರ್ಖಾನೆಗಳು ಬಂದದ್ದು 1933ರಲ್ಲಿ. ಸಿಯೋಲ್‌ನ ಯೊಂಗ್‌ಡಂಗ್‌ಪೊದಲ್ಲಿ, ರೈಲು ಹಳಿ ಮತ್ತು ಹಾನ್ ನದಿ ಎರಡೂ ಹತ್ತಿರವಿದ್ದ ಜಾಗದಲ್ಲಿ, ಜಪಾನಿನ ಎರಡು ದೈತ್ಯ ಕಂಪನಿಗಳು ಒಂದೇ ವರ್ಷ ತಳವೂರಿದವು. ದಾಯ್ ನಿಪ್ಪೋನ್ ಕಂಪನಿ ‘ಚೋಸೆನ್ ಬಿಯರ್’ ತೆರೆಯಿತು, ಕಿರಿನ್ ‘ಶೋವಾ ಕಿರಿನ್’ ತೆರೆಯಿತು. 1945ರಲ್ಲಿ ಜಪಾನೀಯರು ಹೊರಟ ಮೇಲೆ ಮೊದಲನೆಯದು ಕ್ರೌನ್ ಬಿಯರಿನ ಕಂಪನಿಯಾಗಿ, ಮುಂದೆ ಹೈಟ್ ಆಯಿತು. ಎರಡನೆಯದು ಓರಿಯೆಂಟಲ್ ಬ್ರೂವರಿ, ಅಂದರೆ ಓಬಿ. 1952ರಲ್ಲಿ ದೂಸಾನ್ ಮನೆತನದ ಕೈಸೇರಿತು. ಓಬಿಯ ಹಳೆಯ ಜಾಗ ಈಗ ಉದ್ಯಾನ. ಬೆಳಗಿನ ನಡಿಗೆಗೆ ಬರುವ ಹಿರಿಯರ ನಡುವೆ 1933ರ ಕಾಲದ ದೊಡ್ಡ ತಾಮ್ರದ ಹಂಡೆಯನ್ನು ಅಲ್ಲಿ ನಿಲ್ಲಿಸಿದ್ದಾರೆ. ಬಿಯರಿಗಾಗಿ ಮಾಲ್ಟನ್ನು, ಅಂದರೆ ಮೊಳಕೆ ಬರಿಸಿ ಒಣಗಿಸಿದ ಜವೆಗೋಧಿಯನ್ನು, ಬೇಯಿಸುತ್ತಿದ್ದ ಹಂಡೆ ಅದು.

ಆಮೇಲಿನ ಅರ್ಧ ಶತಮಾನ ಮಾರುಕಟ್ಟೆ ಹೆಚ್ಚುಕಡಿಮೆ ಈ ಇಬ್ಬರದೇ. ಮೂರನೆಯವರು ಒಳಬರದಂತೆ ಬಾಗಿಲು ಕಾದದ್ದು ಪರವಾನಗಿಯ ನಿಯಮ. ಬಿಯರ್ ತಯಾರಿಸಿ ಊರಿಗೆಲ್ಲ ಮಾರಬೇಕಾದರೆ 1,850 ಕಿಲೋಲೀಟರ್ ಸಾಮರ್ಥ್ಯದ ತೊಟ್ಟಿಗಳಿರಬೇಕಿತ್ತು. ಅರ್ಧ ಲೀಟರಿನ 37 ಲಕ್ಷ ಬಾಟಲಿ ತುಂಬುವಷ್ಟು! ಹೊಸ ರುಚಿ ಪ್ರಯತ್ನಿಸಬೇಕೆಂದು ಹೊರಟ ಬಡಪಾಯಿ ಮೊದಲ ದಿನವೇ ಕಾರ್ಖಾನೆದಾರನಾಗಿರಬೇಕು.

ಇಬ್ಬರೇ ಇದ್ದಲ್ಲಿ ರುಚಿಯ ಪೈಪೋಟಿ ಹೇಗಿರುತ್ತದೆ ಎಂಬುದಕ್ಕೆ 1990ರ ದಶಕವನ್ನು ನೋಡಬೇಕು. 1991ರ ಮಾರ್ಚ್‌ನಲ್ಲಿ ಗುಮಿ ಪಟ್ಟಣದಲ್ಲಿದ್ದ ದೂಸಾನ್ ಸಮೂಹದ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಿಂದ ಫಿನಾಲ್ ಎಂಬ ವಿಷ ರಾಸಾಯನಿಕ ಸೋರಿ ನಾಕ್‌ಡೊಂಗ್ ನದಿಗೆ ಸೇರಿತು. ಡೆಗು ನಗರದ ನಲ್ಲಿಗಳಲ್ಲಿ ದುರ್ವಾಸನೆಯ ನೀರು. ಜನ ಕೆರಳಿ ದೂಸಾನ್ ಹೆಸರಿನ ಎಲ್ಲವನ್ನೂ ಬಹಿಷ್ಕರಿಸಿದರು, ಅದರಲ್ಲಿ ಓಬಿ ಬಿಯರೂ ಸೇರಿತ್ತು. ಎರಡನೆಯ ಸ್ಥಾನದಲ್ಲಿ ದಶಕಗಳಿಂದ ಕೊಳೆಯುತ್ತಿದ್ದ ಎದುರಾಳಿ ಕ್ರೌನ್ ಕಂಪನಿಗೆ ಇದಕ್ಕಿಂತ ಅವಕಾಶ ಬೇಕೆ? 1993ರಲ್ಲಿ ಹೈಟ್ ಎಂಬ ಹೊಸ ಬಿಯರ್ ಬಂತು. ಅದರ ಜಾಹೀರಾತಿನಲ್ಲಿ ಮಾಲ್ಟಿನ ಮಾತಿಲ್ಲ, ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವಿನ ಮಾತಿಲ್ಲ. ನೆಲದಡಿ 150 ಮೀಟರ್ ಆಳದ ಬಂಡೆಯಿಂದ ತೆಗೆದ ಶುದ್ಧ ನೀರು ಎಂಬುದೇ ಅದರ ಹೆಗ್ಗಳಿಕೆ. 1996ರಲ್ಲಿ ಹೈಟ್ ಓಬಿಯನ್ನು ಕೆಳಗಿಳಿಸಿ ಮೊದಲ ಸ್ಥಾನಕ್ಕೇರಿತು. ನೀರಿನಂತಿದೆ ಎಂದು ನಾವು ಹಂಗಿಸುವ ಬಿಯರಿನ ಅತಿ ದೊಡ್ಡ ಕಾಳಗ ನಡೆದದ್ದೇ ನೀರಿನ ಹೆಸರಿನಲ್ಲಿ.

ಇನ್ನು ತೆರಿಗೆ. 2019ರ ಕೊನೆಯವರೆಗೂ ಬಿಯರಿಗೆ ಅದರ ಬೆಲೆಯ ಮೇಲೆ ಶೇ 72 ತೆರಿಗೆ ಇತ್ತು. ಆ ತೆರಿಗೆಯ ಮೇಲೆ ಶೇ 30 ಶಿಕ್ಷಣ ತೆರಿಗೆ, ಒಟ್ಟಿನ ಮೇಲೆ ಶೇ 10 ಮೌಲ್ಯವರ್ಧಿತ ತೆರಿಗೆ. ಕಾರ್ಖಾನೆಯಲ್ಲಿ 1,000 ವಾನ್ (ವಾನ್ ಕೊರಿಯಾದ ಹಣ) ಬೆಲೆಯದ್ದು ಹೊರಬೀಳುವಾಗ ಸುಮಾರು 2,130 ವಾನ್. ಒಳ್ಳೆಯ ಮಾಲ್ಟ್ ಹಾಕಿ 200 ವಾನ್ ಹೆಚ್ಚು ಖರ್ಚು ಮಾಡಿದರೆ ಸರ್ಕಾರ ಅದರ ಮೇಲೂ 226 ವಾನ್ ಕೀಳುತ್ತಿತ್ತು. ಸಣ್ಣ ತಯಾರಕನ ಕೂಲಿ, ಬಾಟಲಿ, ಜಾಹೀರಾತು ಎಲ್ಲವೂ ಆ ಲೆಕ್ಕದಲ್ಲಿ ಸೇರುತ್ತಿದ್ದವು. ಹೊರದೇಶದ ಬಿಯರಿಗೆ ಮಾತ್ರ ಆಮದು ಮಾಡಿಕೊಳ್ಳುವಾಗ ತೋರಿಸಿದ ಬೆಲೆಯ ಮೇಲಷ್ಟೇ ತೆರಿಗೆ ಇತ್ತು. ಹಾಗಾಗಿಯೇ ಸಿಯೋಲ್‌ನ ಬೀದಿ ಮೂಲೆಯ ಅಂಗಡಿಗಳಲ್ಲಿ ಯುರೋಪಿನ ಬಿಯರ್ 10,000 ವಾನ್‌ಗೆ ನಾಲ್ಕು ಕ್ಯಾನ್ ಸಿಗುತ್ತಿತ್ತು. ಇಂಥ ಲೆಕ್ಕದಲ್ಲಿ ಅಕ್ಕಿ, ಜೋಳದ ಪಿಷ್ಟ ಬೆರೆಸಿ ಲಾಗರ್ ಎಂಬ ಬಗೆಯ ಬಿಯರನ್ನು ತೆಳುವಾಗಿ ಮಾಡುವುದೇ ಜಾಣತನ. ನಾನೇ ಮಾಲೀಕನಾಗಿದ್ದರೂ ಅದನ್ನೇ ಮಾಡುತ್ತಿದ್ದೆ.

ಇಷ್ಟೆಲ್ಲ ಬೈದ ಮೇಲೂ ಒಂದು ಮಾತು ಒಪ್ಪಬೇಕು. ಆ ತೆಳು ಬಿಯರಿನ ಸುತ್ತ ಕೊರಿಯನ್ನರು ಕಟ್ಟಿಕೊಂಡ ಬದುಕು ತೆಳುವಲ್ಲ. 1980ರಲ್ಲಿ ಸಿಯೋಲ್‌ನ ಯುಲ್ಜಿರೊ ಪ್ರದೇಶದಲ್ಲಿ ‘ಓಬಿ ಬೇರ್’ ಎಂಬ ಪುಟ್ಟ ಅಂಗಡಿ ಶುರುವಾಯಿತು. ಸುತ್ತಲೂ ಮುದ್ರಣಾಲಯಗಳು, ಕಬ್ಬಿಣದ ಸಾಮಾನಿನ ಮಳಿಗೆಗಳು. ಕೆಲಸ ಮುಗಿಸಿದ ಕಾರ್ಮಿಕರಿಗೆ ತಣ್ಣನೆಯ ಬಿಯರ್, ನೆಂಚಿಕೊಳ್ಳಲು ನೊಗಾರಿ, ಅಂದರೆ ಒಣಗಿಸಿದ ಮರಿ ಮೀನನ್ನು ಬೆಂಕಿಯಲ್ಲಿ ಸುಟ್ಟದ್ದು. ಅದನ್ನು ಕೈಯಲ್ಲೇ ಸಿಗಿದು ಕೆಂಪು ಮೆಣಸಿನಕಾಯಿಯ ಚಟ್ನಿಗೆ ಅದ್ದಿ ಬಾಯಿಗೆ ಹಾಕಿದರೆ ನಾಲಗೆ ಚುರುಗುಟ್ಟುತ್ತದೆ. ಆ ಉರಿಗೆ ಕಹಿ ತುಂಬಿದ ಮಂದ ಬಿಯರ್ ಯಾರಿಗೆ ಬೇಕು? ಮುಂದೆ ಆ ಓಣಿ ತುಂಬ ಇಂಥದೇ ಅಂಗಡಿಗಳಾದವು. ಜಾಗದ ಬೆಲೆ ಏರಿತು. 2022ರ ಏಪ್ರಿಲ್‌ನಲ್ಲಿ ಮೂಲದ ಆ ಅಂಗಡಿಯನ್ನೇ ಬಲವಂತವಾಗಿ ತೆರವು ಮಾಡಿಸಿದರು.

ಕರಿದ ಕೋಳಿಯ ಜೊತೆ ಬಿಯರ್, ಸೋಜು ಬೆರೆಸಿದ ‘ಸೋಮೆಕ್’, ಇವೂ ಈ ತೆಳುತನವನ್ನೇ ನಂಬಿ ನಿಂತಿವೆ. ಕಚೇರಿಯ ಕೂಟದಲ್ಲಿ ಕಿರಿಯ ನೌಕರ ಎರಡೂ ಕೈಯಲ್ಲಿ ಬಾಟಲಿ ಹಿಡಿದು ಮೇಲಧಿಕಾರಿಗೆ ಸುರಿಯುತ್ತಾನೆ, ತಾನು ಕುಡಿಯುವಾಗ ಮುಖವನ್ನು ಪಕ್ಕಕ್ಕೆ ತಿರುಗಿಸುತ್ತಾನೆ. ತನ್ನ ಲೋಟಕ್ಕೆ ತಾನೇ ಸುರಿದುಕೊಳ್ಳುವಂತಿಲ್ಲ. ಈ ಮರ್ಯಾದೆಯ ಹಿಂದೆ ಬೇಡವೆಂದರೂ ಕುಡಿಸುವ ಒತ್ತಾಯವೂ ಇತ್ತು, ಅದನ್ನು ನಾನು ಚಂದ ಎನ್ನಲಾರೆ.

ಬಾಗಿಲು ತೆರೆಯುತ್ತ ಬಂದದ್ದು ನಿಧಾನವಾಗಿ. 2002ರ ವಿಶ್ವಕಪ್ ಫುಟ್‌ಬಾಲ್ ವರ್ಷದಲ್ಲಿ ಸಣ್ಣ ತಯಾರಿಕೆಗೆ ಅನುಮತಿ ಬಂತು, ಆದರೆ ತಯಾರಿಸಿದಲ್ಲೇ ಮಾರಬೇಕು. ಬೆಂಗಳೂರಿನ ಮೈಕ್ರೋಬ್ರೂವರಿಗಳನ್ನು ಬಲ್ಲವರಿಗೆ ಈ ಷರತ್ತು ಹೊಸದಲ್ಲ. 2012ರಲ್ಲಿ ‘ದಿ ಎಕನಾಮಿಸ್ಟ್’ ಪತ್ರಿಕೆಯ ಸಿಯೋಲ್ ವರದಿಗಾರ ಡೇನಿಯಲ್ ಟ್ಯೂಡರ್, ಉತ್ತರ ಕೊರಿಯಾದ ತೇದೊಂಗಾಂಗ್ ಬಿಯರೇ ದಕ್ಷಿಣದ ಬಿಯರಿಗಿಂತ ರುಚಿ ಎಂದು ಬರೆದರು. ದಕ್ಷಿಣಕ್ಕೆ ಇದಕ್ಕಿಂತ ಅವಮಾನವಿಲ್ಲ. ಆ ತೇದೊಂಗಾಂಗ್‌ನ ಯಂತ್ರಗಳೋ, ಇಂಗ್ಲೆಂಡಿನ ಟ್ರೋಬ್ರಿಜ್‌ನಲ್ಲಿ ಮುಚ್ಚಿಹೋದ ಅಶರ್ಸ್ ಕಾರ್ಖಾನೆಯನ್ನು ಬಿಚ್ಚಿ ಪ್ಯೊಂಗ್‌ಯಾಂಗ್‌ಗೆ ಸಾಗಿಸಿದವು! 2014ರಲ್ಲಿ ದಕ್ಷಿಣದ ಸಣ್ಣ ತಯಾರಕರಿಗೆ ಹೊರಗೆ ಮಾರುವ ಹಕ್ಕು ಸಿಕ್ಕಿತು. 2020ರ ಜನವರಿಯಿಂದ ತೆರಿಗೆ ಬೆಲೆಯ ಮೇಲಲ್ಲ, ಅಳತೆಯ ಮೇಲೆ: ಶುರುವಿನಲ್ಲಿ ಲೀಟರಿಗೆ 830.3 ವಾನ್ ಇತ್ತು. ಒಳ್ಳೆಯ ಮಾಲ್ಟ್ ಹಾಕಿದವನಿಗೆ ದಂಡ ತಪ್ಪಿತು.

ಸಿಕ್ಕ ಬಿಡುಗಡೆಯಿಂದ ಮಾಡಿದ್ದೇನು ಎಂದು ಕೇಳಿದರೆ ನನಗೆ ಅರ್ಧ ಖುಷಿ, ಅರ್ಧ ಬೇಸರ. ಅದೇ ವರ್ಷ ಹಿಮಕರಡಿಯ ಗುರುತಿನ ಗೋಮ್‌ಪ್ಯೊ ಹಿಟ್ಟಿನ ಚೀಲದ ಹೆಸರನ್ನು ಗೋಧಿ ಬಿಯರಿಗೆ ಅಂಟಿಸಿದರು, ಜನ ಮುಗಿಬಿದ್ದರು. ಹಿಂದೆಯೇ ಬೂಟ್ ಪಾಲಿಶ್ ಹೆಸರಿನ ಕಪ್ಪು ಬಿಯರ್ ಬಂತು. 2023ರಲ್ಲಿ ಹಿಟ್ಟಿನ ಕಂಪನಿ ತಯಾರಕನನ್ನೇ ಬದಲಿಸಿದಾಗ ಹೆಸರಿಗಿದ್ದ ಬೆಲೆ ಬಿಯರಿಗಿರಲಿಲ್ಲ ಎಂಬುದು ಬಯಲಾಯಿತು. ನನಗೆ ಭರವಸೆ ಇರುವುದು ಪೂರ್ವ ಕರಾವಳಿಯ ಗಂಗ್‌ನಂಗ್‌ನ ಬುದ್ನಾಮು ಬ್ರೂವರಿಯಂಥವರ ಮೇಲೆ. 1926ರಲ್ಲಿ ಶುರುವಾಗಿದ್ದ ಹಳೆಯ ಮಕ್ಕೊಲ್ಲಿ ತಯಾರಿಕೆಯ ಕಟ್ಟಡವನ್ನೇ ಇಟ್ಟುಕೊಂಡು, ಹತ್ತಿರದ ಮಿನೋರಿ ಊರಿನ ಅಕ್ಕಿ ಹಾಕಿ ಬಿಯರ್ ಮಾಡುತ್ತಾರೆ. ಖರ್ಚು ಉಳಿಸಲು ಬೆರೆಸುವ ಅಕ್ಕಿಗೂ ಊರಿನ ಹೆಸರು ಹೇಳಿ ಹಾಕುವ ಅಕ್ಕಿಗೂ ವ್ಯತ್ಯಾಸವಿದೆ. ಸೂವಾನ್, ಸಿಯೋಲ್‌ಗಳಲ್ಲಿ ಕೆಲಸ ಮಾಡುತ್ತಿರುವ ಕನ್ನಡಿಗರು ಈ ಬರಹ ಓದುತ್ತಿದ್ದರೆ ವಾರಾಂತ್ಯದಲ್ಲಿ ರೈಲು ಹತ್ತಿ ಅಲ್ಲಿಗೆ ಹೋಗಿ ಬನ್ನಿ, ಆಮೇಲೆ ಇಲ್ಲಿ ಜಗಳಕ್ಕೆ ಬನ್ನಿ.