ಹಾರ್ವರ್ಡ್ ಅಲ್ಲ ಸ್ವಾಮಿ, ಹಾರ್ಟ್‌ವಿಕ್

ಯುಗಾದಿ ಊಟಕ್ಕೆ ಹೋಗಿ ಬೆಲ್ಲ ಬಿಟ್ಟು ಬರೀ ಬೇವು ತಿಂದು ಬಂದ ಹಾಗಾಗಿದೆ. ಎರಡು ದಿನವಾಯಿತು, ಕಹಿ ಇನ್ನೂ ಬಾಯಿಂದ ಹೋಗಿಲ್ಲ. ಇಲ್ಲಿ ಬರೆದು ಹೊರಗೆ ಹಾಕದಿದ್ದರೆ ಮನೆಯವಳ ಮೇಲೆ ರೇಗುತ್ತೇನೆ. ಅದು ಇನ್ನೂ ಅಪಾಯ.

ಶನಿವಾರ ನಮ್ಮ ಬಿಂಗ್‌ಹ್ಯಾಮ್ಟನ್ ಕಡೆಯ ಕನ್ನಡದವರೆಲ್ಲ ಸೇರಿದ್ದೆವು. (ನ್ಯೂಯಾರ್ಕ್ ಅಂದ ತಕ್ಷಣ ಟೈಮ್ಸ್ ಸ್ಕ್ವೇರ್ ನೆನೆಯಬೇಡಿ ಮಾರಾಯ್ರೆ. ಅಲ್ಲಿಂದ ಇಲ್ಲಿಗೆ ಮೂರು ಗಂಟೆ ದಾರಿ. ನಮ್ಮದು ಗುಡ್ಡ, ಹಿಮ, ಜಿಂಕೆ.) ಮನೆಗೊಂದು ಅಡುಗೆ ಅಂತ ಲೆಕ್ಕ. ನಮ್ಮ ಪಾಲಿಗೆ ಎಂದಿನಂತೆ ಕೋಸಂಬರಿ, ಯಾಕಂದ್ರೆ ನನ್ನ ಅಡುಗೆಯ ಮೇಲೆ ಯಾರಿಗೂ ಅಷ್ಟು ನಂಬಿಕೆ ಇಲ್ಲ. ಇರಲಿ. ಇದು ಹನ್ನೆರಡನೇ ಕ್ಲಾಸಿನ ಮಕ್ಕಳಿಗೆ ಕಾಲೇಜುಗಳಿಂದ ಉತ್ತರ ಬರುವ ಕಾಲ. ಆದ್ದರಿಂದ ಒಬ್ಬಟ್ಟಿನ ತಟ್ಟೆ ಹಿಡಿದುಕೊಂಡು ನಿಂತ ಪ್ರತಿಯೊಬ್ಬ ಹಿರಿಯನ ಬಾಯಲ್ಲೂ ಒಂದೇ ಪ್ರಶ್ನೆ.

‘ಏನಪ್ಪಾ, ಯಾವ ಕಾಲೇಜು?’

ಹುಡುಗ ಪಾಪ, ಸಂಕೋಚದವನು. ಮೆಲ್ಲಗೆ ಹೇಳಿದ. ‘ಹಾರ್ಟ್‌ವಿಕ್, ಅಂಕಲ್.’

‘ಹಾರ್ವರ್ಡಾ! ಭಲೇ! ಏನ್ ಸಾರ್, ಒಂದು ಮಾತೂ ಹೇಳಲೇ ಇಲ್ವಲ್ಲ!’ ಅಂತ ಹುಡುಗನ ಬೆನ್ನು ತಟ್ಟಿ, ಅವನ ಅಪ್ಪನ ಕೈ ಕುಲುಕಿಯೂ ಆಯಿತು.

‘ಅಲ್ಲ ಅಂಕಲ್. ಹಾರ್ಟ್‌ವಿಕ್. ಒನಿಯಾಂಟಾದಲ್ಲಿ.’

ಆ ಮುಖ ನೋಡಬೇಕಿತ್ತು. ಕರೆಂಟ್ ಹೋದ ಹಾಗೆ. ಮರುಕ್ಷಣ ಬಂದೇ ಬಂತು, ನಾನು ಕಾಯುತ್ತಿದ್ದ ಮಾತು. ‘ಓ... ಅದರ ರ‍್ಯಾಂಕ್ ಎಷ್ಟು?’ ಹುಡುಗ ಕಾಲಿನ ಕಡೆ ನೋಡಿದ. ‘ಅಲ್ಲಿ ಸಾಕರ್ ಆಡ್ತೀನಿ ಅಂಕಲ್’ ಅಂದ. (ಸಾಕರ್ ಅಂದರೆ ನಮ್ಮ ಫುಟ್‌ಬಾಲ್.) ಅದಕ್ಕೆ ಇವರು, ‘ಆಟ ಎಲ್ಲಿ ಬೇಕಾದ್ರೂ ಆಡಬಹುದು ಬಿಡು’ ಅಂದುಬಿಟ್ಟರು.

ಎಲ್ಲಿ ಬೇಕಾದರೂ ಆಡಬಹುದು! ನನ್ನ ಕೈಯಲ್ಲಿದ್ದ ಒಬ್ಬಟ್ಟು ಅಲ್ಲೇ ನಿಂತಿತು. ಹೆಂಡತಿ ದೂರದಿಂದಲೇ ಕಣ್ಣಲ್ಲಿ ‘ಬೇಡ’ ಅಂದಳು. ಸುಮ್ಮನಾದೆ. ಆವತ್ತು ನುಂಗಿದ್ದನ್ನು ಈಗ ಹೇಳುತ್ತೇನೆ.

ಮೊದಲಿಗೆ ಲೆಕ್ಕ ಸರಿಮಾಡೋಣ. ಅಮೆರಿಕದ ಕಾಲೇಜು ಆಟಗಳಿಗೆ ಎನ್‌ಸಿಎಎ ಅಂತ ಒಂದು ದೊಡ್ಡ ಸಂಸ್ಥೆ ಇದೆ. ಗಂಡು ಹುಡುಗರ ಸಾಕರ್ ಟೂರ್ನಿಯನ್ನು ಅದು 1959ರಲ್ಲಿ ಶುರು ಮಾಡಿತು. ಅಂದಿನಿಂದ ಇಂದಿನವರೆಗೆ ಹಾರ್ವರ್ಡ್ ಆ ಕಪ್ಪನ್ನು ಎಷ್ಟು ಸಲ ಗೆದ್ದಿದೆ ಗೊತ್ತಾ? ಸೊನ್ನೆ. ಹಾರ್ಟ್‌ವಿಕ್ ಎಷ್ಟು ಸಲ? ಒಂದು. ಈಗ ಹೇಳಿ ಸಾರ್, ರ‍್ಯಾಂಕ್ ಎಷ್ಟು?

ಒನಿಯಾಂಟಾ ನಮ್ಮ ಮನೆಯಿಂದ ಒಂದು ಗಂಟೆ ದಾರಿ, ಎಂಬತ್ತೆಂಟನೇ ಹೈವೇಯಲ್ಲಿ. ಜನ ಹದಿಮೂರು, ಹದಿನಾಲ್ಕು ಸಾವಿರ. ಕೆಳಗೆ ಸಸ್ಕ್ವೆಹಾನಾ ನದಿ, ಮೇಲೆ ಗುಡ್ಡ, ಗುಡ್ಡದ ಮೈಮೇಲೆ ಈ ಕಾಲೇಜು. ಕಾರು ನಿಲ್ಲಿಸಿ ಹತ್ತುವಷ್ಟರಲ್ಲಿ ನನ್ನಂಥವರಿಗೆ ಏದುಸಿರು. ಅಲ್ಲಿ ನಾಲ್ಕು ವರ್ಷ ಹತ್ತಿ ಇಳಿದವನಿಗೆ ಬೇರೆ ವ್ಯಾಯಾಮವೇ ಬೇಡ. ವಿದ್ಯಾರ್ಥಿಗಳು ಎಷ್ಟು ಅಂತೀರಿ? ಚೆನ್ನಾಗಿದ್ದ ಕಾಲದಲ್ಲೂ 1,500ರ ಆಸುಪಾಸು. ನಮ್ಮೂರಿನ ಒಂದು ಪಿಯು ಕಾಲೇಜಿನಲ್ಲಿ ಇದಕ್ಕಿಂತ ಜಾಸ್ತಿ ಮಕ್ಕಳಿರುತ್ತಾರೆ.

ಇಂಥ ಕಾಲೇಜು 1956ರಲ್ಲಿ ಸಾಕರ್ ತಂಡ ಕಟ್ಟಿತು. 1967ರಲ್ಲಿ ಆಲ್ ಮಿಲ್ಲರ್ ಅನ್ನೋ ಕೋಚ್ ಬಂದ ಮೇಲೆ ಕಥೆಯೇ ಬದಲಾಯಿತು. 1970ರಲ್ಲಿ ತಂಡ ದೇಶದ ಕೊನೇ ನಾಲ್ಕರೊಳಗೆ ಬಂತು. ಸೆಮಿಫೈನಲ್‌ನಲ್ಲಿ ಸೇಂಟ್ ಲೂಯಿಸ್ ವಿರುದ್ಧ 1-0ಯಿಂದ ಸೋತಿತು. ಆ ಕಾಲದ ಸೇಂಟ್ ಲೂಯಿಸ್ ಅಂದರೆ ಕಪ್ಪನ್ನು ಮನೆಯ ತಂಬಿಗೆಯ ಹಾಗೆ ಎತ್ತಿಕೊಂಡು ಹೋಗುತ್ತಿದ್ದ ತಂಡ. ಅದರ ಎದುರು ಒಂದೇ ಗೋಲಿನ ಅಂತರ! ಮಿಲ್ಲರ್ ಆಮೇಲೆ ಫಿಲಡೆಲ್ಫಿಯಾ ಆಟಮ್ಸ್ ಅನ್ನೋ ಹೊಸ ವೃತ್ತಿಪರ ತಂಡಕ್ಕೆ ಹೋದರು. ಮೊದಲ ವರ್ಷವೇ, 1973ರಲ್ಲಿ, ಅದಕ್ಕೆ ಲೀಗ್ ಗೆಲ್ಲಿಸಿಕೊಟ್ಟರು. ಗುಡ್ಡದ ಮೇಲಿನ ಸಣ್ಣ ಕಾಲೇಜಿನಲ್ಲಿ ಕಲಿಸುತ್ತಿದ್ದವರು ಅಂತ ಅಲ್ಲಿ ಯಾರೂ ರ‍್ಯಾಂಕ್ ಕೇಳಲಿಲ್ಲ.

ಅವರಾದ ಮೇಲೆ ಟಿಮೊ ಲಿಯೆಕೊಸ್ಕಿ, ಫಿನ್‌ಲೆಂಡಿನವರು. 1974ರಲ್ಲಿ ಮತ್ತೆ ಸೆಮಿಫೈನಲ್. ಎದುರಿಗೆ ವಾಷಿಂಗ್ಟನ್‌ನ ಹೊವಾರ್ಡ್, ಕರಿಯರ ಹೆಮ್ಮೆಯ ವಿಶ್ವವಿದ್ಯಾಲಯ. ಅವರದ್ದೂ ಒಂದು ದೊಡ್ಡ ಕಥೆ. 1971ರ ಸೆಮಿಫೈನಲ್‌ನಲ್ಲಿ ಹಾರ್ವರ್ಡನ್ನು ಹೊಡೆದು, ಫೈನಲ್‌ನಲ್ಲಿ ಸೇಂಟ್ ಲೂಯಿಸನ್ನೂ ಹೊಡೆದು ಕಪ್ ಗೆದ್ದಿದ್ದರು. ಆಮೇಲೆ ಆಟಗಾರರ ಅರ್ಹತೆಯ ತಕರಾರು ತೆಗೆದು ಎನ್‌ಸಿಎಎ ಆ ಕಪ್ಪನ್ನು ಕಿತ್ತುಕೊಂಡಿತು. ವಿದೇಶಿ ಆಟಗಾರರ ಮೇಲೆ ಹಾಕಿದ್ದ ಒಂದು ನಿಯಮ ಸಂವಿಧಾನಕ್ಕೇ ವಿರುದ್ಧ ಅಂತ ಕೋರ್ಟ್ ಹೇಳಿತು, ಕಪ್ ಮಾತ್ರ ವಾಪಸ್ ಬರಲಿಲ್ಲ. ಆ ಸಿಟ್ಟನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು 1974ರಲ್ಲಿ ಬಂದವರ ಎದುರು ಯಾರು ನಿಲ್ಲುತ್ತಾರೆ? ಹಾರ್ಟ್‌ವಿಕ್ 2-1ರಿಂದ ಸೋತಿತು. ಹೊವಾರ್ಡ್ ಒಂದೂ ಪಂದ್ಯ ಸೋಲದೆ ಕಪ್ ಎತ್ತಿತು.

ಹಾರ್ವರ್ಡ್, ಹೊವಾರ್ಡ್, ಹಾರ್ಟ್‌ವಿಕ್. ಕಿವಿಗೆ ಮೂರೂ ಒಂದೇ ಥರ ಕೇಳುತ್ತವೆ, ಒಪ್ಪುತ್ತೇನೆ. ಆದರೆ ಈ ಮೂರರಲ್ಲಿ ಕಪ್ ಗೆಲ್ಲದೆ ಉಳಿದದ್ದು ಯಾವುದು ಅಂತ ಇನ್ನೊಂದು ಸಲ ಹೇಳಲಾ? ಬೇಡ ಬಿಡಿ.

1976ರಲ್ಲಿ ಜಿಮ್ ಲೆನಾಕ್ಸ್ ಕೋಚ್ ಆದರು. ಆ ವರ್ಷವೂ ಸೆಮಿಫೈನಲ್, ಇಂಡಿಯಾನಾ ಎದುರು ಮತ್ತೆ 2-1ರ ಸೋಲು. ಮೂರು ಸಲ ಹೊಸಿಲವರೆಗೆ ಹೋಗಿ ಮೂರು ಸಲವೂ ಒಂದೊಂದೇ ಗೋಲಿನಲ್ಲಿ ವಾಪಸ್. ನಾನಾಗಿದ್ದರೆ ಆಟವೇ ಬೇಡ ಅಂತ ಕೇರಂ ಬೋರ್ಡ್ ತರುತ್ತಿದ್ದೆ.

ಮುಂದಿನ ವರ್ಷ, 1977, ಆ ತಂಡ ಒಂದೂ ಪಂದ್ಯ ಸೋಲಲಿಲ್ಲ. ಸೆಮಿಫೈನಲ್‌ನಲ್ಲಿ ಬ್ರೌನ್ ಮೇಲೆ 1-0. ಬ್ರೌನ್ ಅಂದರೆ ನಮ್ಮವರು ಹಾರ್ವರ್ಡ್ ಸಿಗದಿದ್ದರೆ ಇದಾದರೂ ಸಿಗಲಿ ಅಂತ ಹರಕೆ ಹೊರುವ ಐವಿ ಲೀಗ್ ಕಾಲೇಜು. ಫೈನಲ್‌ನಲ್ಲಿ ಎದುರಿಗೆ ಸ್ಯಾನ್ ಫ್ರಾನ್ಸಿಸ್ಕೊ. 1975, 1976 ಎರಡೂ ವರ್ಷ ಗೆದ್ದು ಮೂರನೆಯದಕ್ಕೆ ಬಂದವರು. ಪಂದ್ಯ ಎಲ್ಲಿ? ಬರ್ಕ್ಲಿಯಲ್ಲಿ. ಅವರ ಕ್ಯಾಂಪಸ್ಸಿನಿಂದ ಕೊಲ್ಲಿ ದಾಟಿದರೆ ಬರ್ಕ್ಲಿ. ಇವರು ದೇಶದ ಆ ತುದಿಯಿಂದ ಈ ತುದಿಗೆ ಹಾರಿ ಹೋಗಿ, ಪರರ ಅಂಗಳದಲ್ಲಿ 2-1ರಿಂದ ಗೆದ್ದರು. ಹೌದು, ಅದೇ 2-1. ಈ ಸಲ ಆ ಎರಡು ಇವರ ಕಡೆ.

ಹರ್ಮನ್ ಟ್ರೋಫಿ ಅಂತ ಒಂದಿದೆ, ದೇಶದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವುದು. 1976ರಲ್ಲಿ ಅದು ಗ್ಲೆನ್ ಮಯರ್ನಿಕ್‌ಗೆ. 1977ರಲ್ಲಿ ಬಿಲ್ಲಿ ಗಝೋನಾಸ್‌ಗೆ. ಇಬ್ಬರೂ ಹಾರ್ಟ್‌ವಿಕ್. ಇಡೀ ಅಮೆರಿಕದಲ್ಲಿ ಹುಡುಕಿ, ಎರಡು ವರ್ಷವೂ ಅದೇ ಗುಡ್ಡಕ್ಕೆ ಬಂದು ನಿಂತರಲ್ಲ! ಮಯರ್ನಿಕ್ ಮುಂದೆ ಕೋಚ್ ಆಗಿ ದೇಶದ ತಂಡಗಳ ಜೊತೆಗೂ ದುಡಿದರು. 2006ರಲ್ಲಿ ತೀರಿಕೊಂಡರು. ಹೆಚ್ಚು ವಯಸ್ಸೇನೂ ಆಗಿರಲಿಲ್ಲ.

ಇದನ್ನೆಲ್ಲ ನಾನು ಪುಸ್ತಕ ಓದಿ ಕಲಿಯಲಿಲ್ಲ. ಈ ದೇಶಕ್ಕೆ ಬಂದ ಹೊಸದರಲ್ಲಿ ಆಫೀಸಿನ ಒಬ್ಬರು ಅಲ್ಲಿಗೆ ಮ್ಯಾಚ್ ನೋಡಲು ಕರೆದುಕೊಂಡು ಹೋಗಿದ್ದರು. ಅಕ್ಟೋಬರ್ ಕೊನೆ. ಚಳಿಗೆ ಹಲ್ಲು ಕಟಕಟ ಅನ್ನುತ್ತಿತ್ತು. ಪಕ್ಕದಲ್ಲಿ ಕಂಬಳಿ ಹೊದ್ದು ಕೂತಿದ್ದ ಅಜ್ಜ ಒಬ್ಬರು ಫ್ಲಾಸ್ಕಿನಿಂದ ಕಾಫಿ ಕೊಟ್ಟು, 1977ರ ಕಥೆ ಶುರು ಮಾಡಿದವರು ಹಾಫ್ ಟೈಮ್ ಕಳೆದರೂ ಮುಗಿಸಲಿಲ್ಲ. ನಮ್ಮೂರಲ್ಲಿ ಅಜ್ಜಂದಿರು 1983ರ ವಿಶ್ವಕಪ್ ಹೇಳುತ್ತಾರಲ್ಲ, ಥೇಟ್ ಹಾಗೆ. ಕಾಫಿ ಮಾತ್ರ ಘೋರವಾಗಿತ್ತು.

ಅಮೆರಿಕದ ರಾಷ್ಟ್ರೀಯ ಸಾಕರ್ ಹಾಲ್ ಆಫ್ ಫೇಮ್, ಅಂದರೆ ಆಟದ ದಿಗ್ಗಜರನ್ನು ಗೌರವಿಸುವ ಮ್ಯೂಸಿಯಂ, ಹುಟ್ಟಿದ್ದೂ ಇದೇ ಒನಿಯಾಂಟಾದಲ್ಲಿ, 1979ರಲ್ಲಿ. ನ್ಯೂಯಾರ್ಕ್ ನಗರ ಅಲ್ಲ, ಲಾಸ್ ಏಂಜಲಿಸ್ ಅಲ್ಲ, ಒನಿಯಾಂಟಾ. ಅಲ್ಲಿ ಹಾರ್ಟ್‌ವಿಕ್ ಒಂದೇ ಅಲ್ಲ, ಪಕ್ಕದ ಸರ್ಕಾರಿ ಕಾಲೇಜೂ ಸಾಕರ್‌ನಲ್ಲಿ ಮೇಲಿನ ಮಟ್ಟದಲ್ಲೇ ಆಡುತ್ತಿದ್ದ ಕಾಲ ಒಂದಿತ್ತು. ಹದಿಮೂರು ಸಾವಿರ ಜನಕ್ಕೆ ಎರಡು ತಂಡ!

ಈಗ ನೀವು ಕಾಮೆಂಟಿನಲ್ಲಿ ಬರೆಯಲು ಹೊರಟಿರುವುದು ನನಗೆ ಗೊತ್ತು. ‘ಅದೆಲ್ಲ ಹಳೇ ಕಥೆ. ಈಗ ಆ ತಂಡ ಎನ್‌ಸಿಎಎಯ ಮೂರನೇ, ಅಂದರೆ ಕೊನೇ ಡಿವಿಜನ್‌ಗೆ ಇಳಿದಿದೆ. ಆ ಮ್ಯೂಸಿಯಂ 2010ರಲ್ಲಿ ಮುಚ್ಚಿ, ಈಗಿನದು ಟೆಕ್ಸಾಸ್‌ನಲ್ಲಿದೆ. ಕೊನೆಗೆ ದುಡ್ಡು ಇದ್ದವರೇ ಗೆದ್ದರಲ್ಲ?’

ನಿಜ. ಸುಳ್ಳು ಹೇಳಲ್ಲ. ಹಾರ್ಟ್‌ವಿಕ್‌ನ ಮಿಕ್ಕ ಆಟಗಳು ಬಹುಪಾಲು ಮೂರನೇ ಡಿವಿಜನ್ನಿನವು. ಅಲ್ಲಿ ಆಟಕ್ಕೆ ಅಂತ ಸ್ಕಾಲರ್‌ಶಿಪ್ ಕೊಡುವ ಹಾಗಿಲ್ಲ. ಸಾಕರ್ ಮಾತ್ರ ಮೊದಲಿನಿಂದ ದೊಡ್ಡವರ ಸಾಲಿನಲ್ಲಿ ಆಡುತ್ತಿತ್ತು. 2004ರಲ್ಲಿ ಇಂಥ ಬೆರಳೆಣಿಕೆಯ ಸಣ್ಣ ಕಾಲೇಜುಗಳ ಸ್ಕಾಲರ್‌ಶಿಪ್ ಕಿತ್ತುಕೊಳ್ಳಬೇಕು ಅಂತ ಮತಕ್ಕೆ ಹಾಕಿದರು. ಆಗ ಹೇಗೋ ಉಳಿದುಕೊಂಡಿತು. ಆಮೇಲೆ ಎಲ್ಲ ದೊಡ್ಡ ಕಾಲೇಜುಗಳೂ ಟಿವಿ ದುಡ್ಡಿನ ಹಿಂದೆ ಹೋಗಿ ಲೀಗುಗಳು ಕಲಸುಮೇಲೋಗರ ಆದವು. 2014ರಲ್ಲಿ ಹಾರ್ಟ್‌ವಿಕ್ ಹೋಗಿ ಸೇರಿದ್ದು ಯಾವ ಲೀಗ್ ಗೊತ್ತಾ? ಸನ್ ಬೆಲ್ಟ್! ಬಿಸಿಲಿನ ನಾಡಿನವರ ಲೀಗ್! ಜಾರ್ಜಿಯಾ, ಕೆರೊಲಿನಾ ಕಾಲೇಜುಗಳ ಜೊತೆ. ಆರು ತಿಂಗಳು ಹಿಮ ತೋಡುವ ಊರಿನ ತಂಡ ಬಿಸಿಲಿನ ಲೀಗಿನಲ್ಲಿ. ಅದೇ ವರ್ಷ ಸೇರಿದ ಇನ್ನೊಂದು ತಂಡ ಹೊವಾರ್ಡ್. ನಲವತ್ತು ವರ್ಷದ ಹಿಂದೆ ಸೆಮಿಫೈನಲ್ ಆಡಿದ ಇಬ್ಬರೂ ಒಂದೇ ಛತ್ರದಲ್ಲಿ ಜಾಗ ಹುಡುಕಿಕೊಂಡ ಹಾಗೆ. ಒಂದು ಪಂದ್ಯಕ್ಕೆ ಅಷ್ಟು ದೂರ ವಿಮಾನದಲ್ಲಿ ಹೋಗಿ ಬರುವ ಖರ್ಚು ಯಾರ ಅಪ್ಪನ ಮನೆಯಿಂದ ಬರುತ್ತೆ? 2018ರಲ್ಲಿ ಕಾಲೇಜು ಕೈಮುಗಿದು ಮೂರನೇ ಡಿವಿಜನ್‌ಗೆ ಬಂತು.

ಆದರೆ ಇದನ್ನು ಸೋಲು ಅಂತ ಯಾಕೆ ಕರೆಯಬೇಕು? ಮಗಳ ಮದುವೆಗೆ ಸಾಲ ಮಾಡಿ ಅರಮನೆ ಮೈದಾನ ಹಿಡಿಯುವ ಬದಲು ಮನೆಯ ಮುಂದೆ ಚಪ್ಪರ ಹಾಕಿದವನನ್ನು ನೀವು ಸೋತವನು ಅಂತೀರಾ? ಈಗಲೂ ಆ ಗುಡ್ಡದ ಮೇಲೆ ತಂಡ ಇದೆ. ಆಟಕ್ಕಾಗಿ ಒಂದು ಡಾಲರ್ ಸ್ಕಾಲರ್‌ಶಿಪ್ ಇಲ್ಲದೆ ಹುಡುಗರು ಬೆಳಗ್ಗೆ ಎದ್ದು ಆ ಚಳಿಯಲ್ಲಿ ಓಡುತ್ತಾರೆ. ಶನಿವಾರ ಸಿಕ್ಕ ಹುಡುಗ ಅವರಲ್ಲಿ ಒಬ್ಬನಾಗಲಿದ್ದಾನೆ. ಅವನಿಗೆ ನಾವು ಕೊಟ್ಟದ್ದು ಏನು? ಹಾರ್ವರ್ಡ್ ಅಂತ ತಪ್ಪಾಗಿ ಕೇಳಿಸಿಕೊಂಡು ಒಂದು ನಿಮಿಷದ ಮರ್ಯಾದೆ.

ಇಷ್ಟು ಬರೆದು ಚಹಾ ಮಾಡಿಕೊಂಡು ಬಂದೆ. ಮೇಲಿನದನ್ನೆಲ್ಲ ಓದಿದ ಹೆಂಡತಿ ಒಂದೇ ಮಾತು ಹೇಳಿದಳು. ‘ಮೂರು ವರ್ಷದ ಹಿಂದೆ ನೀವು ಕೇಳಿದ್ದೂ ಅದೇ ಅಲ್ವಾ?’

ಹೌದು. ಹೇಳಿಬಿಡುತ್ತೇನೆ. ನಮ್ಮ ಮಗಳನ್ನು ನೀವೆಲ್ಲ ಫೋಟೊದಲ್ಲಿ ನೋಡಿದ್ದೀರಿ, ಮೊಣಕಾಲಿಗೆ ಹಸಿರು ಕಲೆ ಮಾಡಿಕೊಂಡು ನಿಂತವಳು. ನಾಲ್ಕು ವರ್ಷದವಳಿದ್ದಾಗ ಆ ಒನಿಯಾಂಟಾ ಮ್ಯೂಸಿಯಂಗೆ ಕರೆದುಕೊಂಡು ಹೋಗಿದ್ದೆ. ಚೆಂಡು ಒದೆಯುವ ಜಾಗ ಬಿಟ್ಟು ಬರಲ್ಲ ಅಂತ ಹಟ ಮಾಡಿ ಅತ್ತಿದ್ದಳು. ಹೈಸ್ಕೂಲಿನಲ್ಲಿ ನಾಲ್ಕೂ ವರ್ಷ ಡಿಫೆನ್ಸ್ ಆಡಿದಳು. ಒಂದು ಸಣ್ಣ ಕಾಲೇಜಿನ ಕೋಚ್ ಕರೆದರು. ಅವಳಿಗೆ ಹೋಗಬೇಕಿತ್ತು. ನಾನು ಲ್ಯಾಪ್‌ಟಾಪ್ ತೆರೆದು ಪಟ್ಟಿ ನೋಡಿ, ‘ಇದರ ರ‍್ಯಾಂಕ್ ಎಷ್ಟು ಪುಟ್ಟಾ?’ ಅಂದೆ. ಸ್ವರ ಕೂಡ ಹೆಚ್ಚುಕಡಿಮೆ ಶನಿವಾರದ ಆ ಮಹನೀಯರದ್ದೇ.

ಈಗ ದೊಡ್ಡ ವಿಶ್ವವಿದ್ಯಾಲಯದಲ್ಲಿದ್ದಾಳೆ. ಹೆಸರು ಹೇಳಿದರೆ ಯಾರಿಗೂ ತಪ್ಪಾಗಿ ಕೇಳಿಸುವುದಿಲ್ಲ. ಅಲ್ಲಿನ ತಂಡದ ಹತ್ತಿರ ಸುಳಿಯುವುದೂ ಕಷ್ಟ. ಹೋದ ವರ್ಷ ಫೋನಿನಲ್ಲಿ ಆಟದ ಬಗ್ಗೆ ಕೇಳಿದೆ. ‘ಟಿಕೆಟ್ ತಗೊಂಡು ನೋಡ್ತೀನಿ ಅಪ್ಪಾ, ಸೀಟ್ ಚೆನ್ನಾಗಿರುತ್ತೆ’ ಅಂದಳು. ಅದು ಕುಟುಕಿದ್ದೋ, ಸುಮ್ನೆ ಹೇಳಿದ್ದೋ, ನನಗೆ ಇವತ್ತಿಗೂ ಅರ್ಥವಾಗಿಲ್ಲ. ಕೇಳಲು ಧೈರ್ಯವೂ ಇಲ್ಲ.

ಆ ಹುಡುಗನ ಅಪ್ಪನಿಗೆ ಬೆಳಗ್ಗೆ ಫೋನ್ ಮಾಡಿದೆ. ಸೆಪ್ಟೆಂಬರ್‌ನಲ್ಲಿ ಮೊದಲ ಹೋಮ್ ಮ್ಯಾಚ್‌ಗೆ ನಾವೂ ಬರುತ್ತೇವೆ ಅಂದೆ. ಪುಳಿಯೋಗರೆ ನನ್ನ ಜವಾಬ್ದಾರಿ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಕೋಸಂಬರಿಯೇ ಸಾಕು ಸಾರ್’ ಅಂದರು.

ಮಗಳಿಗೂ ಮೆಸೇಜ್ ಹಾಕಿದ್ದೇನೆ, ಆ ವಾರಾಂತ್ಯಕ್ಕೆ ಬರ್ತೀಯಾ ಅಂತ. ಇನ್ನೂ ಉತ್ತರ ಬಂದಿಲ್ಲ. ಅವಳಿಗೆ ಕನ್ನಡ ಓದೋಕೆ ಬರಲ್ಲ, ಅದಕ್ಕೇ ಇಷ್ಟೆಲ್ಲ ಧೈರ್ಯವಾಗಿ ಬರೆದೆ. ಕೆಳಗೆ ‘ಅನುವಾದ ನೋಡಿ’ ಅಂತ ಒಂದು ಬಟನ್ ಇರುತ್ತಲ್ಲ, ಅದನ್ನು ಮಾತ್ರ ಯಾರೂ ಅವಳಿಗೆ ತೋರಿಸಬೇಡಿ.