ಶೇಕಡಾ 3.6 ನೋಡಿ ಹೆದರಿದವರಿಗೆ

ಅಮೆರಿಕದಲ್ಲಿ ಕಾಲೇಜು ಅರ್ಜಿಗಳ ಕಾಲ ಬಂತೆಂದರೆ ನಮ್ಮ ಅಪ್ಪ-ಅಮ್ಮಂದಿರ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಥರದ ಅಂಕಿಗಳು ಓಡಾಡುತ್ತವೆ. 2024ರಲ್ಲಿ ಹಾರ್ವರ್ಡ್ ಫಲಿತಾಂಶ ಬಿಟ್ಟಾಗ ಅರ್ಜಿ 54,008, ಪ್ರವೇಶ ಸಿಕ್ಕಿದ್ದು 1,937 ಮಂದಿಗೆ. ಶೇಕಡಾ 3.6! ಕೆಳಗೆ ಸಾಲುಸಾಲು ಕೈಮುಗಿದ ಇಮೋಜಿ. ಅದರ ಬೆನ್ನಿಗೇ ಯಾರೋ ಅಡ್ಮಿಷನ್ ಕನ್ಸಲ್ಟೆಂಟ್‌ನ ಜಾಹೀರಾತು. ಅಂಕಿ ಸುಳ್ಳಲ್ಲ. ಅದನ್ನು ಓದುವ ರೀತಿ ತಪ್ಪು. ಆ ಹೆದರಿಕೆಯಲ್ಲಿ ಎಷ್ಟೋ ಮನೆಗಳು ದುಬಾರಿ ನಿರ್ಧಾರಕ್ಕೆ ಬೀಳುತ್ತಿವೆ ಅನ್ನೋದು ನನ್ನ ತಕರಾರು.

ಹಲವು ಕಾಲೇಜುಗಳಿಗೆ ಒಟ್ಟಿಗೆ ಅರ್ಜಿ ಹಾಕುವ ಆನ್‌ಲೈನ್ ವ್ಯವಸ್ಥೆಯಾದ ಕಾಮನ್ ಆ್ಯಪ್‌ನಲ್ಲಿ ಒಂದು ಸಲ ಅರ್ಜಿ ತುಂಬಿದರೆ ಅದನ್ನೇ 20 ಕಾಲೇಜುಗಳವರೆಗೆ ಕಳಿಸಬಹುದು. ಕೋವಿಡ್ ಬಂದಾಗ ಬಹುತೇಕ ಕಾಲೇಜುಗಳು ಪ್ರವೇಶಕ್ಕೆ ನೋಡುವ ಎಸ್‌ಎಟಿ ಪರೀಕ್ಷೆ ಕಡ್ಡಾಯವಲ್ಲ ಎಂದವು. ‘ಹಾಕೇಬಿಡೋಣ, ಹೋದರೆ ಒಂದು ಕಲ್ಲು’ ಅನ್ನುವವರು ಹೆಚ್ಚಿದರು. ಹದಿನೈದು ಕಡೆ ಅರ್ಜಿ ಹಾಕಿದ ಹುಡುಗಿ ಕೊನೆಗೆ ಸೇರುವುದು ಒಂದೇ ಕಡೆ. ಆದರೆ ಹದಿನೈದೂ ಕಡೆಯ ಶೇಕಡಾವಾರನ್ನು ಇಳಿಸುವುದರಲ್ಲಿ ಅವಳ ಪಾಲೂ ಇರುತ್ತದೆ. ಕಾಲೇಜಿನ ಶೇಕಡಾವಾರು ಬೇರೆ, ನಿಮ್ಮ ಮಗುವಿಗೆ ಎಲ್ಲಾದರೂ ಒಳ್ಳೆಯ ಕಡೆ ಸೀಟು ಸಿಗುವ ಸಾಧ್ಯತೆ ಬೇರೆ.

ಈ ಅರ್ಜಿಗಳ ಮಳೆ ಕಾಲೇಜುಗಳಿಗೂ ತಲೆನೋವೇ. ಕರೆದವರಲ್ಲಿ ಬರುವವರೆಷ್ಟು ಅಂತ ಲೆಕ್ಕ ಸಿಗುವುದಿಲ್ಲ. ಅದಕ್ಕೇ ಹಳೆಯ ಪದ್ಧತಿಯೊಂದಕ್ಕೆ ಈಗ ಇಷ್ಟು ಬಲ ಬಂದಿದೆ: ಅರ್ಲಿ ಡಿಸಿಷನ್. ಸಾಮಾನ್ಯವಾಗಿ ನವೆಂಬರ್ 1ರೊಳಗೆ ಒಂದೇ ಒಂದು ಕಾಲೇಜಿಗೆ ಹೀಗೆ ಅರ್ಜಿ ಹಾಕಬೇಕು. ಸಿಕ್ಕರೆ ಸೇರುತ್ತೇನೆ, ಉಳಿದ ಅರ್ಜಿಗಳನ್ನೆಲ್ಲ ವಾಪಸ್ ಪಡೆಯುತ್ತೇನೆ ಅಂತ ವಿದ್ಯಾರ್ಥಿ, ಪಾಲಕರು, ಶಾಲೆಯ ಕೌನ್ಸೆಲರ್ ಮೂವರೂ ಸಹಿ ಮಾಡಬೇಕು. ಕೆಲವು ಖಾಸಗಿ ಕಾಲೇಜುಗಳಲ್ಲಿ ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಸೀಟುಗಳು ಡಿಸೆಂಬರ್‌ನಲ್ಲೇ ಹೀಗೆ ತುಂಬಿಹೋಗುತ್ತವೆ.

‘ಅರ್ಲಿಯಲ್ಲಿ ಹಾಕಿದರೆ ಅವಕಾಶ ಜಾಸ್ತಿಯಂತೆ’ ಅನ್ನುವುದು ಅರ್ಧ ಸತ್ಯ. ಆ ಸುತ್ತಿನಲ್ಲಿ ಕಾಲೇಜು ಮೊದಲೇ ಆರಿಸಿಟ್ಟ ಕ್ರೀಡಾಪಟುಗಳಿರುತ್ತಾರೆ. ಲೆಗಸಿಗೆ ಮಣೆ ಹಾಕುವ ಕಡೆ ಹಳೆಯ ವಿದ್ಯಾರ್ಥಿಗಳ ಮಕ್ಕಳೂ ಇರುತ್ತಾರೆ. ಅವರನ್ನು ತೆಗೆದು ನೋಡಿದರೆ ಆ ಜಾಸ್ತಿ ಎಷ್ಟೋ ಕರಗುತ್ತದೆ. ನನ್ನ ಸಿಟ್ಟಿರುವುದು ದುಡ್ಡಿನ ವಿಚಾರದಲ್ಲಿ. ಬೇರೆ ಕಾಲೇಜುಗಳು ಎಷ್ಟು ಸಹಾಯಧನ ಕೊಡುತ್ತವೆ ಅಂತ ಹೋಲಿಸಿ ನೋಡುವ ಮೊದಲೇ ಸೇರುತ್ತೇನೆಂದು ಸಹಿ ಮಾಡಿಯಾಗಿರುತ್ತದೆ. ಕೊಟ್ಟ ನೆರವು ಸಾಲದೆ ಹೋದರೆ ಒಪ್ಪಂದದಿಂದ ಬಿಡಿಸಿಕೊಳ್ಳಬಹುದು, ನಿಜ. ಆದರೆ ಹದಿನೇಳು ವರ್ಷದ ಮಗು ಆ ಕಾಲೇಜಿನ ಟೀ ಶರ್ಟ್ ಹಾಕಿಕೊಂಡು ಮನೆಯಲ್ಲಿ ಓಡಾಡುತ್ತಿರುವಾಗ ‘ನಮ್ಮ ಕೈಲಾಗಲ್ಲ’ ಅನ್ನುವ ಧೈರ್ಯ ಎಷ್ಟು ಅಪ್ಪಂದಿರಿಗಿದೆ? ಫೀಸಿನ ಯೋಚನೆ ಇಲ್ಲದವರಿಗೆ ಅನುಕೂಲವಾಗುವ ಪದ್ಧತಿ ಇದು. ಅದನ್ನು ಎಲ್ಲರಿಗೂ ‘ಜಾಣತನ’ ಅಂತ ಮಾರುತ್ತಿದ್ದಾರೆ.

ಹಾಕಲೇಬೇಕೆಂದರೆ ಮೊದಲು ಆ ಕಾಲೇಜಿನ ವೆಬ್‌ಸೈಟಿನಲ್ಲಿರುವ ನೆಟ್ ಪ್ರೈಸ್ ಕ್ಯಾಲ್ಕುಲೇಟರ್‌ನಲ್ಲಿ (ಸಹಾಯಧನ ಕಳೆದು ಕೈಯಿಂದ ಎಷ್ಟು ಕೊಡಬೇಕಾದೀತು ಅಂತ ಅಂದಾಜು ಹೇಳುವ ಲೆಕ್ಕ) ನಿಮ್ಮ ಆದಾಯದ ವಿವರ ಹಾಕಿ ನೋಡಿ. 2011ರಿಂದ ಇದನ್ನು ಇಡುವುದು ಕಾನೂನಿನಲ್ಲೇ ಕಡ್ಡಾಯ. (ಭಾರತದಿಂದ ನೇರವಾಗಿ ಅರ್ಜಿ ಹಾಕುವವರು ಇದರ ಲೆಕ್ಕ ನಂಬಬೇಡಿ. ಇದು ಮುಖ್ಯವಾಗಿ ಅಲ್ಲಿನ ನಿವಾಸಿಗಳಿಗಾಗಿ ಮಾಡಿದ್ದು.) ಇನ್ನೊಂದು ಮಾತು: ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಸ್ಟ್ಯಾನ್‌ಫರ್ಡ್‌ಗಳ ಅರ್ಲಿ ಸುತ್ತು ಹೀಗೆ ಕಟ್ಟಿಹಾಕುವುದಿಲ್ಲ. ಎರಡನ್ನೂ ಒಂದೇ ಅಂದುಕೊಂಡು ವಾದ ಮಾಡುವವರನ್ನು ಬಹಳ ನೋಡಿದ್ದೇನೆ.

ಪರೀಕ್ಷೆಗಳ ವಿಷಯದಲ್ಲಿ ಗಾಳಿ ತಿರುಗಿದೆ. ಎಂಐಟಿ 2022ರಲ್ಲೇ ಎಸ್‌ಎಟಿ ಅಥವಾ ಅಂಥದೇ ಇನ್ನೊಂದು ಪರೀಕ್ಷೆಯಾದ ಎಸಿಟಿ ಮತ್ತೆ ಬೇಕೆಂದಿತು. 2024ರಲ್ಲಿ ಡಾರ್ಟ್‌ಮತ್, ಬ್ರೌನ್, ಹಾರ್ವರ್ಡ್, ಕ್ಯಾಲ್‌ಟೆಕ್, ಸ್ಟ್ಯಾನ್‌ಫರ್ಡ್ ಅದೇ ದಾರಿ ಹಿಡಿದವು. ಯೇಲ್ ಅದೇ ವರ್ಷ ಎಪಿ, ಐಬಿ ಎಂಬ ಹೈಸ್ಕೂಲಿನ ಉನ್ನತ ಮಟ್ಟದ ಪರೀಕ್ಷೆಗಳ ಅಂಕಗಳನ್ನೂ ಒಪ್ಪುವುದಾಗಿ ಹೇಳಿತು. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಎಸ್‌ಎಟಿ, ಎಸಿಟಿ ಅಂಕ ಕೊಟ್ಟರೂ ಪ್ರವೇಶಕ್ಕೆ ನೋಡುವುದಿಲ್ಲ. ಡಾರ್ಟ್‌ಮತ್‌ನ ಅಧ್ಯಯನದಲ್ಲಿ ಗಮನಿಸಬೇಕಾದ್ದೊಂದಿತ್ತು: ಅನುಕೂಲ ಕಡಿಮೆಯಿದ್ದ ಶಾಲೆಗಳ ಮಕ್ಕಳು, ತಮ್ಮ ಪರಿಸರಕ್ಕೆ ಚೆನ್ನಾಗಿಯೇ ಇದ್ದ ಅಂಕಗಳನ್ನು ಕಡಿಮೆಯೆಂದು ಬಚ್ಚಿಟ್ಟು ತಮಗೇ ನಷ್ಟ ಮಾಡಿಕೊಂಡಿದ್ದರು. ಆದ್ದರಿಂದ ಅಂಕ ಕಳಿಸಬೇಕೋ ಬೇಡವೋ ಅನ್ನುವುದನ್ನು ವಾಟ್ಸಾಪ್ ಸರಾಸರಿ ನೋಡಿ ತೀರ್ಮಾನಿಸಬೇಡಿ.

ಅರ್ಜಿಯ ಜೊತೆ ವಿದ್ಯಾರ್ಥಿ ತನ್ನ ಬಗ್ಗೆ ಬರೆದು ಕೊಡುವ ಪ್ರಬಂಧ, ಅಂದರೆ ಎಸ್ಸೇ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎಐ ಬಂದಮೇಲೆ ಡ್ಯೂಕ್ ಎಸ್ಸೇಗೆ ಅಂಕ ಕೊಡುವುದನ್ನೇ ನಿಲ್ಲಿಸಿತು. ಓದುವುದನ್ನೇನೂ ನಿಲ್ಲಿಸಿಲ್ಲ. ಬೇರೆಯವರ ಕೈಲಿ ದುಡ್ಡು ಕೊಟ್ಟು ತಿದ್ದಿಸಿದ 650 ಪದಗಳ ಮೇಲಿನ ನಂಬಿಕೆ ಕಡಿಮೆಯಾಗುತ್ತಿದೆ ಅನ್ನೋದು ನನಗಂತೂ ಖುಷಿಯ ವಿಚಾರ.

ಇಷ್ಟೆಲ್ಲ ಗಲಾಟೆಯ ನಡುವೆ ಯಾರೂ ಫಾರ್ವರ್ಡ್ ಮಾಡದ ಸಂಗತಿಯೊಂದಿದೆ. ಅಮೆರಿಕದಲ್ಲಿ ಜನನಗಳು 2007ರಲ್ಲಿ ತುದಿ ಮುಟ್ಟಿ ಆಮೇಲೆ ಇಳಿಯುತ್ತ ಬಂದವು. ಆ ವರ್ಷದ ಮಕ್ಕಳಿಗೆ 2025ಕ್ಕೆ ಹದಿನೆಂಟು ತುಂಬಿತು. ಹೆಸರು ಮಾಡಿದ ಹತ್ತಿಪ್ಪತ್ತು ಕಾಲೇಜುಗಳ ಆಚೆ, ವಿದ್ಯಾರ್ಥಿಗಳು ಸಾಲದೆ ಕಾಲೇಜುಗಳೇ ಹುಡುಕಾಡುವ ಕಾಲ ಇದು. ಐಡಹೊ ರಾಜ್ಯ 2015ರಲ್ಲೇ ಅರ್ಜಿಗೆ ಕಾಯದೆ ಹೈಸ್ಕೂಲು ಮಕ್ಕಳಿಗೆ ‘ನಿಮಗೆ ಸೀಟಿದೆ, ಬನ್ನಿ’ ಅಂತ ಪತ್ರ ಕಳಿಸತೊಡಗಿತು. ಈಗ ಕಾಮನ್ ಆ್ಯಪ್ ಕೂಡ ಅಂಥ ನೇರ ಪ್ರವೇಶ ನಡೆಸುತ್ತಿದೆ. ಅಂಥ ಪತ್ರ ಬಂದರೆ ‘ಇದ್ಯಾವ ಕಾಲೇಜೋ’ ಅಂತ ಬದಿಗಿಡುವ ಮುಂಚೆ ಅಲ್ಲಿನ ಫೀಸು, ಎಷ್ಟು ಮಂದಿ ಡಿಗ್ರಿ ಮುಗಿಸಿ ಹೊರಬರುತ್ತಾರೆ ಅನ್ನುವುದನ್ನು ಸರ್ಕಾರದ ಕಾಲೇಜ್ ಸ್ಕೋರ್‌ಕಾರ್ಡ್ ವೆಬ್‌ಸೈಟಿನಲ್ಲಿ ತೆಗೆದು ನೋಡಿ. ಪುಕ್ಕಟೆ ಸಿಗುತ್ತದೆ, ಕನ್ಸಲ್ಟೆಂಟ್ ಬೇಕಿಲ್ಲ.